ಉಪ್ಪಿಲ್ಲದ ಸಂಜೆಗಳ ರಾಮಲಿಂಗಣ್ಣ

ರಾಮಲಿಂಗಣ್ಣನವರು ಸುಮ್ಮನೆ ನಿಂತು ಮಾತನಾಡುವಾಗಲೂ ಅವರ ಬಲಗೈ ಗಾಳಿಯಲ್ಲಿ ಏನನ್ನೋ ಕಲಕುತ್ತಿತ್ತು. ಎದುರಿಗೆ ಒಲೆಯಿಲ್ಲ, ಹಂಡೆಯಿಲ್ಲ. ಆದರೂ ಮಣಿಕಟ್ಟು ನಿಧಾನವಾಗಿ ತಿರುಗುತ್ತಲೇ ಇರುತ್ತಿತ್ತು. ತಮಿಳು ಸೀಮೆಯ ಪೀಳಮೇಡಿನಲ್ಲಿ ಕನ್ನಡ ಮಾತಾಡುವ ನಮ್ಮ ನೇಕಾರರ ಬೀದಿಗೆ ಹೊಸದಾಗಿ ಬಂದವರು ಅದನ್ನು ಯಾವುದೋ ನರದ ಕಾಯಿಲೆಯೆಂದು ತಿಳಿದು ಮರುಗುತ್ತಿದ್ದರು. ಬಲ್ಲವರು ನಗುತ್ತಿದ್ದರು. ಮದುವೆ, ಸೀಮಂತ, ದೇವಿಯ ಪೂಜೆ, ಯಾವುದೇ ಇರಲಿ, ನೂರಾರು ಎಲೆಗಳಿಗೆ ಅಡುಗೆ ಮಾಡುತ್ತ ಬಂದ ಕೈ ಅದು.

ಅವರ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಎಂಬತ್ತರ ದಶಕದ ಆರಂಭದ ಆ ವರ್ಷಗಳಲ್ಲಿ ನಾನು ಹತ್ತಿರದ ಶಾಲೆಯೊಂದರಲ್ಲಿ ಸಂಸ್ಕೃತ ಕಲಿಸುತ್ತಿದ್ದೆ. ಹಾಗಾಗಿ ಬೀದಿಗೆಲ್ಲ ನಾನು ‘ವಾದ್ಯಾರು’. ಪ್ರಾಯದಲ್ಲಿ ನನಗಿಂತ ಹಿರಿಯರಾದರೂ ಅವರು ನನ್ನನ್ನು ಬಹುವಚನದಲ್ಲಿಯೇ ಕರೆಯುತ್ತಿದ್ದರು.

ಅವರಿಗೊಂದು ನೇಮವಿತ್ತು. ಅಡುಗೆ ಮುಗಿದು ದೇವರಿಗೆ ನೈವೇದ್ಯವಾಗುವ ತನಕ ಅದರ ಒಂದು ಹನಿಯನ್ನೂ ನಾಲಿಗೆಗೆ ತಾಗಿಸುತ್ತಿರಲಿಲ್ಲ. ಉಪ್ಪು ಹದವಾಗಿದೆಯೇ, ಹುಳಿ ಹೆಚ್ಚಾಯಿತೇ ಎಂಬುದನ್ನು ಹಂಡೆಯ ಮೇಲೆ ಬಾಗಿ ಆವಿಯ ವಾಸನೆಯಿಂದಲೇ ತಿಳಿಯುತ್ತಿದ್ದರು. ಒಮ್ಮೆ ಸಹಾಯಕನೊಬ್ಬ ಸಾರನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕಿದ್ದಕ್ಕೆ ಇಡೀ ಹಂಡೆಯನ್ನೇ ಬದಿಗಿಡಿಸಿ ಹೊಸ ಸಾರು ಕಾಯಿಸಿದ್ದರೆಂದು ಬೀದಿಯವರು ಹೇಳುತ್ತಿದ್ದರು. ಆಚಾರವೆಂಬುದು ಪುಸ್ತಕದಲ್ಲಿ ಓದಿದ್ದಕ್ಕಿಂತ ಅವರ ಒಲೆಯ ಮುಂದೆ ನನಗೆ ಹೆಚ್ಚು ಸ್ಪಷ್ಟವಾಗಿ ಕಂಡಿತ್ತು.

ಇಷ್ಟೆಲ್ಲ ಇದ್ದರೂ ಅವರ ಪತ್ನಿ ಸೌಡಮ್ಮನವರು ಗಂಡನ ಕೈ ಅಡುಗೆಯನ್ನು ಉಂಡವರಲ್ಲ. ಮನೆಯ ಒಲೆ ಅವರದು. ಔತಣಗಳಿಗೆ ಕರೆ ಬಂದರೂ ಹೋಗುತ್ತಿರಲಿಲ್ಲ. “ಅವರು ಅಲ್ಲಿ ಬೆಂಕಿ ಮುಂದೆ ಬೆವರ್ತಿರ್ವಾಗ ನಾನ್ ಎಲೆ ಮುಂದೆ ಕುಂತ್ಕೊಂಡು ಪಾಯಸ ಸುರೀಲಾ? ಚೆನ್ನಾಗಿರ್ತದಾ ವಾದ್ಯಾರೇ?” ಎನ್ನುತ್ತಿದ್ದರು. ಔತಣ ಮುಗಿಸಿ ಬಂದ ರಾಮಲಿಂಗಣ್ಣನವರಿಗೋ ತಾವು ಬೇಯಿಸಿದ್ದರ ವಾಸನೆಯೇ ಸಾಕಾಗಿರುತ್ತಿತ್ತು. ಹೆಂಡತಿ ಮಾಡಿಟ್ಟ ಅಕ್ಕಿಬೇಳೆ ಅನ್ನವನ್ನು, ಅಂದರೆ ಅಕ್ಕಿಯನ್ನೂ ಬೇಳೆಯನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿ ಒಗ್ಗರಣೆ ಕೊಟ್ಟ ನಮ್ಮ ಸೀಮೆಯ ಊಟವನ್ನು, ಮಾತಿಲ್ಲದೆ ಉಂಡು ಮಲಗುತ್ತಿದ್ದರು.

ಒಂದು ಮುಂಜಾನೆ ನೀರು ಸೇದುತ್ತಿದ್ದ ಸೌಡಮ್ಮನವರ ಕೈಯಿಂದ ಕೊಡ ಜಾರಿತು. ಎಡಗೈ ಮಾತು ಕೇಳಲಿಲ್ಲ. ತುಟಿಯ ಒಂದು ಕೊನೆ ಇಳಿದಿತ್ತು. ರಕ್ತದ ಒತ್ತಡವೆಂದರು ವೈದ್ಯರು. ದೇವಿಯ ಕೃಪೆಯಿಂದ ಕೆಲವು ವಾರಗಳಲ್ಲಿ ಕೈಗೆ ಬಹುಮಟ್ಟಿಗೆ ಶಕ್ತಿ ಬಂದಿತು. ಆದರೆ ಪಥ್ಯ ಕಠಿಣವಾಗಿತ್ತು. ಉಪ್ಪು ಹೆಸರಿಗೆ ಮಾತ್ರ. ಎಣ್ಣೆ ಒಂದೇ ಚಮಚ. ಹಪ್ಪಳ, ಉಪ್ಪಿನಕಾಯಿ ಕೂಡದು. ರಾತ್ರಿಯೂಟ ಹಗುರವಾಗಿದ್ದು ದೀಪ ಹಚ್ಚುವ ವೇಳೆಗೆ ಮುಗಿಯಬೇಕು. ಇನ್ನೊಮ್ಮೆ ಹೀಗಾದರೆ ತಮ್ಮ ಕೈಯಲ್ಲಿ ಏನೂ ಇಲ್ಲವೆಂದು ವೈದ್ಯರು ಬಾಗಿಲ ಬಳಿ ತಗ್ಗಿದ ದನಿಯಲ್ಲಿ ಹೇಳಿದರು. ರಾಮಲಿಂಗಣ್ಣನವರು ಸಂಜೆಯ ಔತಣಗಳನ್ನು ಒಪ್ಪಿಕೊಳ್ಳುವುದನ್ನು ಬಿಟ್ಟರು. ಮಕ್ಕಳಿಲ್ಲದ ಮನೆ, ಒಲೆಯ ಮುಂದೆ ತಾವೇ ನಿಂತರು.

ಮೊದಲ ಸಂಜೆ ಅವರು ಇಬ್ಬರಿಗೆಂದು ಕಾಯಿಸಿದ ಹುರುಳಿ ಸಾರು ಬೀದಿಗೆಲ್ಲ ಆಗುವಷ್ಟಿತ್ತು. ಆ ಕೈಗೆ ಚಿಕ್ಕ ಅಳತೆ ತಿಳಿಯದು. ಮನೆಮನೆಗೆ ಪಾತ್ರೆಗಳು ಹೋದವು. ವಾರವಿಡೀ ಇದೇ ಕತೆ. ಬೀದಿಗೆ ಬೀದಿಯೇ ಪಥ್ಯ ಹಿಡಿದಂತಾಯಿತು. ಎಲ್ಲರೂ ಬಾಗಿಲು ಮುಂದೆ ಮಾಡಿಕೊಂಡು ಉಪ್ಪು ಬೆರೆಸಿ ಉಂಡೆವು. ಬೆರೆಸುವಂತಿಲ್ಲದಿದ್ದವರು ಸೌಡಮ್ಮನವರೊಬ್ಬರೇ.

“ಏನುಂಗ, ಊರಾರ ಕಲ್ಯಾಣಕ್ಕೆ ಮೂಟೆ ಮೂಟೆ ಉಪ್ಪು ಸುರ್ದಿರಿ. ನನ್ ಸರದಿ ಬರೋ ಹೊತ್ಗೆ ತೀರ್ಹೋಯ್ತಾ?” ಎಂದು ಅವರು ತಟ್ಟೆಯನ್ನು ಸರಿಸುವುದು ಗೋಡೆಯಾಚೆ ನನಗೆ ಕೇಳಿಸುತ್ತಿತ್ತು.

“ಡಾಕ್ಟ್ರು ಹೇಳಿದ್ದು ಕಣೇ, ನಾನಲ್ಲ.”

“ಅಂಗಾದ್ರೆ ಅವರ್ನೇ ಕೂರ್ಸಿ ಬಡ್ಸಿ.”

ಎರಡು ತುತ್ತು, ಹೆಚ್ಚೆಂದರೆ ಮೂರು. ಅಷ್ಟಕ್ಕೆ ಊಟ ಮುಗಿಯುತ್ತಿತ್ತು. ಮಾತ್ರೆಗಳು ಖಾಲಿ ಹೊಟ್ಟೆಗೆ ಬೀಳುತ್ತಿದ್ದವು. ಬಳೆಗಳು ಮೊಣಕೈಯ ತನಕ ಜಾರತೊಡಗಿದವು. ಉಪ್ಪು ಕೊಟ್ಟರೆ ಕಾಯಿಲೆಯ ಭಯ, ಕೊಡದಿದ್ದರೆ ಉಪವಾಸದ ಭಯ. ಇವೆರಡರ ನಡುವೆ ರಾಮಲಿಂಗಣ್ಣನವರ ಸಂಜೆಗಳು ಸಿಕ್ಕಿಬಿದ್ದವು. ಹೊತ್ತು ಇಳಿಯತೊಡಗಿದರೆ ಅವರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ತರಕಾರಿ ಅಂಗಡಿಗೆ ಹೋಗಿ ಸೋರೆಕಾಯಿ ತರುವರು. ಅದನ್ನು ಇಟ್ಟು ಮತ್ತೆ ಹೋಗಿ ಹೀರೆಕಾಯಿ ತರುವರು. ಹಿತ್ತಲಿಗೆ, ಹಿತ್ತಲಿಂದ ಹಜಾರಕ್ಕೆ, ಹೆಂಡತಿಯ ಮುಖ ನೋಡಿ ಮತ್ತೆ ಒಲೆಗೆ. ನಾನು ಸಂಧ್ಯಾವಂದನೆಗೆ ಕುಳಿತರೆ ಆ ಹೆಜ್ಜೆಗಳ ಸದ್ದಿನಲ್ಲಿ ಜಪ ತಪ್ಪುತ್ತಿತ್ತು. ಅರ್ಘ್ಯದ ಪಾತ್ರೆ ಕೆಳಗಿಡುವ ಮೊದಲೇ ಗೋಡೆಯಾಚೆಯಿಂದ ಕೂಗು: “ವಾದ್ಯಾರೇ, ಸಂದ್ಯಾ ಆಯ್ತಾ? ಒಂದ್ ಗಳಿಗೆ ಬನ್ನಿ. ನೀವ್ ಎದ್ರಿಗಿದ್ರೆ ಮರ್ಯಾದೆಗಾದ್ರೂ ನಾಲ್ಕ್ ತುತ್ತು ಉಣ್ತಾಳೆ.”

ಹೋಗುತ್ತಿದ್ದೆ. ಒಂದು ದಿನ ಗಂಡ ಒಳಗೆ ಹೋದ ಹೊತ್ತು ನೋಡಿ ಸೌಡಮ್ಮನವರು ನನ್ನತ್ತ ಬಾಗಿ ಪಿಸುಗುಟ್ಟಿದರು: “ನಿಮ್ಮನೇಲಿ ನಿಂಬೆ ಊರ್‍ಗಾಯಿ ಇದ್ಯಲ್ಲ, ಒಂದೇ ಒಂದು ಓಳು. ಎಲೇಲಿ ಸುತ್ತಿ ಗೋಡೆ ಮೇಲ್ ಇಡಿ. ಯಾರ್ಗೂ ಗೊತ್ತಾಗಲ್ಲ.”

“ಉಪ್ಪಿನಕಾಯಿಯೊಂದು ಬೇಡ ಸೌಡಕ್ಕ,” ಎಂದೆ.

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಓ, ನೀವೂ ಅವರ ಕಟ್ಚೀನಾ?”

ಚುನಾವಣೆಯ ಪಕ್ಷಗಳಿಗೆ ನಮ್ಮಲ್ಲಿ ಬಳಸುವ ಆ ತಮಿಳು ಮಾತಿಗೆ ನನಗೆ ನಗು ಬಂದಿತು. ಅವರು ನಗಲಿಲ್ಲ.

ಹೀಗಿರುವಾಗ ಒಂದು ಸಂಜೆ ನಾನು ಹಿತ್ತಲ ಬಾಗಿಲಿನಿಂದ ಅವರ ಮನೆಗೆ ಹೋದೆ. ಸೀಮೆಎಣ್ಣೆ ಸ್ಟೌವಿನ ಮೇಲೆ ಹೆಸರುಬೇಳೆಯೂ ಹೀರೆಕಾಯಿಯೂ ಬೇಯುತ್ತಿದ್ದವು. ರಾಮಲಿಂಗಣ್ಣನವರು ಬಾಗಿ ಆವಿಯನ್ನು ಮೂಸಿದರು. ನೇರವಾಗಿ ನಿಂತರು. ಮತ್ತೆ ಮೂಸಿದರು. ಆಮೇಲೆ ಸೌಟಿನಿಂದ ಒಂದಿಷ್ಟನ್ನು ಅಂಗೈಗೆ ಬಿಟ್ಟುಕೊಂಡು, ಕಣ್ಣು ಮುಚ್ಚಿ, ನಾಲಿಗೆಗೆ ಮುಟ್ಟಿಸಿದರು. ಜೀವಮಾನದ ನೇಮವೊಂದು ನನ್ನ ಕಣ್ಣೆದುರಿಗೆ ಮುರಿದಿತ್ತು. ನಾನು ಹೊಸ್ತಿಲ ಮೇಲೆಯೇ ನಿಂತೆ.

ಅವರು ತಿರುಗಿ ನನ್ನನ್ನು ಕಂಡರು. ಕೈಯನ್ನು ಅಡಗಿಸಲಿಲ್ಲ.

“ಇಷ್ಟ್ ನಾಳು ಇದ್ನಾ ವಾದ್ಯಾರೇ, ಅವಳ್ ಮುಂದೆ ಇಟ್ಟಿದ್ದು? ಬಾಯಿಗ್ ಹಾಕೋ ಅಂಗಿಲ್ಲ.”

“ನೈವೇದ್ಯ?” ಎಂದಷ್ಟೇ ಕೇಳಿದೆ.

“ಉಪ್ಪಿಲ್ಲ ಅಂತ ದೇವ್ರು ಒಂದ್ ನಾಳೂ ಎಲೆ ತಳ್ಳಿಲ್ಲ. ಇವಳ್ ತಳ್ತಾಳೆ. ನನ್ ಮೂಗಿಗೆ ಉಪ್ಪಿರೋ ಅಡ್ಗೇನೇ ಗೊತ್ತು, ಇದು ಗೊತ್ತಿಲ್ಲ. ನಾಲ್ಗೇನೇ ಕೇಳ್ಬೇಕು.” ಸೌಟನ್ನು ಕೆಳಗಿಟ್ಟು, “ಪಾಪಾನಾ?” ಎಂದರು.

ಶಾಸ್ತ್ರಗಳಲ್ಲಿ ಇದಕ್ಕೆ ಉತ್ತರವಿದ್ದಿರಬಹುದು. ನಾನು ಹುಡುಕಲಿಲ್ಲ. “ದೇವರಿಗೆ ಹಾಲು ಸಕ್ಕರೆ ಬೇರೆ ಇಟ್ಟುಬಿಡಿ,” ಎಂದೆ. ಅವರು ಕೈ ತೊಳೆದುಕೊಂಡು ಹಾಗೆಯೇ ಮಾಡಿದರು.

ಅಂದಿನಿಂದ ಆ ಮನೆಯ ಸಂಜೆ ಬದಲಾಯಿತು; ಶಾಂತವಾಯಿತೆಂದು ಹೇಳಲಾರೆ. ಅವರು ಕೊತ್ತಂಬರಿ ಬೀಜವನ್ನು ಎಣ್ಣೆಯಿಲ್ಲದೆ ಹುರಿದು ಕುಟ್ಟಿದರು. ಬೆಳ್ಳುಳ್ಳಿಯನ್ನು ಉರಿಯ ಮೇಲೆ ಸುಟ್ಟರು. ಒಲೆಯಿಂದ ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿದರು. ಮುಳ್ಳುಸೌತೆಗೆ ಮೆಣಸಿನ ಪುಡಿ ಉದುರಿಸಿದರು. ಪ್ರತಿಯೊಂದನ್ನೂ ನಾಲಿಗೆಗೆ ಇಟ್ಟು, ಮುಖ ಕಿವಿಚಿ, ಮತ್ತೊಂದಕ್ಕೆ ಕೈ ಹಾಕಿದರು. ಇದುವರೆಗೆ ಉಪ್ಪು ಬೆರೆಸಿ ಉಣ್ಣುತ್ತಿದ್ದವರು ಈಗ ತಮ್ಮ ತಟ್ಟೆಗೂ ಅದನ್ನೇ ಬಡಿಸಿಕೊಂಡರು. ಸೌಡಮ್ಮನವರು ಮಣೆಯನ್ನು ಅಡುಗೆಮನೆಯ ಬಾಗಿಲಿಗೇ ಎಳೆದುಕೊಂಡು ಕುಳಿತು ತಪ್ಪು ಹುಡುಕತೊಡಗಿದರು.

“ಅಯ್ಯೋ, ಜೀರಿಗೆ ಕರ್‍ಗಾಯ್ತು ನೋಡಿ. ಇದೇನ್ ಕಲ್ಯಾಣದ ಅಂಡಾನಾ, ಅಂಗ್ ಉರಿ ಹಾಕೋಕೆ?”

“ನಂಗ್ ಹೇಳ್ಕೊಡ್ತೀಯಾ ನೀನು?”

“ಮತ್ತಿನ್ಯಾರ್ ಹೇಳ್ಕೊಡೋದು? ಮನೆ ಅಡ್ಗೆ ನಿಮ್ಗೆಲ್ ಗೊತ್ತು?”

ಬೈಗುಳ ಹೆಚ್ಚಿದಂತೆ ತುತ್ತುಗಳೂ ಒಂದೊಂದಾಗಿ ಹೆಚ್ಚಿದವು. ಆದರೂ ತಟ್ಟೆ ಪೂರ್ತಿ ಬರಿದಾದ ದಿನ ಬರಲಿಲ್ಲ. ಉಳಿದದ್ದನ್ನು ಹಿತ್ತಲಿಗೆ ಒಯ್ಯುವಾಗ ರಾಮಲಿಂಗಣ್ಣನವರು ಪ್ರತಿಸಲವೂ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು.

ಆ ಬೇಸಿಗೆ ಮುಗಿಯುತ್ತಿದ್ದಂತೆ ನನಗೆ ಕುನ್ನತ್ತೂರಿನ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ಮತ್ತೆ ಪೀಳಮೇಡಿಗೆ ಬರುವಷ್ಟರಲ್ಲಿ ರಾಮಲಿಂಗಣ್ಣನವರು ತೀರಿಕೊಂಡು ಕೆಲವು ತಿಂಗಳಾಗಿದ್ದವು. ಸೌಡಮ್ಮನವರನ್ನು ತಂಗಿಯ ಮನೆಯವರು ಕರೆದೊಯ್ದಿದ್ದರು. ಹೀಗಾಗಿ ಅವರಿಬ್ಬರನ್ನೂ ಕಡೆಯದಾಗಿ ಕಂಡದ್ದು ನಾನು ಊರು ಬಿಟ್ಟ ಸಂಜೆಯೇ.

ಹೇಳಿಹೋಗಲೆಂದು ಬಾಗಿಲಿಗೆ ಬಂದಾಗ ಸೌಡಮ್ಮನವರು ಊಟಕ್ಕೆ ಕುಳಿತಿದ್ದರು. ತಟ್ಟೆಯಲ್ಲಿ ಅಕ್ಕಿಬೇಳೆ ಅನ್ನ, ಬದಿಯಲ್ಲಿ ನುಗ್ಗೆಸೊಪ್ಪಿನ ಪಲ್ಯ. ನನಗೂ ಒಂದಿಷ್ಟು ಬಡಿಸಿದರು. ಉಪ್ಪು ಇರಲಿಲ್ಲ. ಆದರೆ ಹುರಿದ ಮೆಣಸು, ಶುಂಠಿ, ಒಂದೇ ಒಂದು ತೊಟ್ಟು ತುಪ್ಪದ ಪರಿಮಳವಿತ್ತು. ನಾವು ಬಸ್ಸಿನ ಮಾತಾಡಿದೆವು, ಕುನ್ನತ್ತೂರಿನ ನೀರಿನ ಮಾತಾಡಿದೆವು. ರಾಮಲಿಂಗಣ್ಣನವರ ಕಣ್ಣು ಮಾತ್ರ ಹೆಂಡತಿಯ ತಟ್ಟೆಯ ಮೇಲಿತ್ತು.

ಸೌಡಮ್ಮನವರು ಕಡೆಯ ಅಗುಳನ್ನು ಬಾಯಿಗಿಟ್ಟು ತಲೆಯೆತ್ತಿದರು. “ಇನ್ನೊಂಚೂರ್ ಇದ್ಯಾ?”

ರಾಮಲಿಂಗಣ್ಣನವರು ಪಾತ್ರೆಯೊಳಗೆ ನೋಡಿದರು. ಇಬ್ಬರ ಅಳತೆಗೆ ಮಾಡಿದ್ದರಲ್ಲಿ ನನಗೂ ಪಾಲು ಹೋಗಿತ್ತು. ತಳದಲ್ಲಿ ಏನೂ ಇರಲಿಲ್ಲ. “ವಾದ್ಯಾರೇ, ಕೇಳುಸ್ತಾ?” ಎಂದರು ನನ್ನತ್ತ ತಿರುಗಿ.

“ಕೇಳಿದ್ದು ಅವರನ್ನಲ್ಲ, ನಿಮ್ಮನ್ನ,” ಎಂದರು ಸೌಡಮ್ಮ. “ಇದ್ಯಾ, ಇಲ್ವಾ?”

“ಈಗ್ ಆಯ್ತು. ಏಳ್ಬೇಡ. ಕೈ ತೊಳೀಬೇಡ.”

ಅಷ್ಟರಲ್ಲೇ ಅವರು ಒಂದು ಹಿಡಿ ಅಕ್ಕಿಯನ್ನು ನೀರಿಗೆ ಹಾಕಿಯಾಗಿತ್ತು. “ಬ್ಯಾಡುಂಗ, ಸುಮ್ನೆ ಕೇಳ್ದೆ,” ಎಂದು ಆಕೆ ಕೂಗಿದರೂ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಅವರಿರಲಿಲ್ಲ. ನನ್ನ ಬಸ್ಸಿಗೆ ಹೊತ್ತಾಗಿತ್ತು. ನಮಸ್ಕರಿಸಿ ಬೀದಿಗಿಳಿದೆ. ಹಿಂದೆ ಸ್ಟೌವಿಗೆ ಗಾಳಿ ತುಂಬುವ ಸದ್ದು ಕೇಳುತ್ತಿತ್ತು. ತಿರುಗಿ ನೋಡಿದರೆ ಸೌಡಮ್ಮನವರು ಅನ್ನದ ಕೈಯನ್ನು ತಟ್ಟೆಯ ಮೇಲೆ ಹಾಗೆಯೇ ಹಿಡಿದು, ಒಳಗೆ ನೋಡುತ್ತ, ಕಾಯುತ್ತ ಕುಳಿತಿದ್ದರು.