ಆಜಿಯ ಮರಾಠಿ

ನಾನು ಮರಾಠಿ ಕಲಿತದ್ದು ಹಾಸಿಗೆ ಹಿಡಿದ ಒಬ್ಬ ಮುದುಕಿಯಿಂದ.

ಗಂಡ ತೀರಿಕೊಂಡ ಮೇಲೆ ಅಮರಗೋಳದ ಅಣ್ಣನ ಮನೆಗೆ ಬಂದು ಕೂತಿದ್ದೆ. ಅಣ್ಣ ಹತ್ತಿ ಹೇರಿಕೊಂಡು ಹುಬ್ಬಳ್ಳಿಗೂ ಧಾರವಾಡಕ್ಕೂ ಗಾಡಿ ಹೊಡೆಯುತ್ತಿದ್ದ. ಪುಣೆಯಿಂದ ಧಾರವಾಡಕ್ಕೆ ಬದಲಿಯಾಗಿ ಬಂದ ಒಬ್ಬ ಸಾಹೇಬರ ತಾಯಿ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡಿದ್ದಾರೆ, ಅವರನ್ನು ನೋಡಿಕೊಳ್ಳಲು ಗಟ್ಟಿ ಹೆಂಗಸು ಬೇಕಂತೆ ಎಂಬ ಸುದ್ದಿ ತಂದವನು ಅವನೇ.

“ನನಗ ಅವರ ಮಾತ ಬರೂದಿಲ್ಲಲ್ಲ” ಅಂದೆ.

“ಮುದುಕೀನ್ನ ಎತ್ತಿ ಕುಂಡ್ರಸಾಕ ಮಾತ್ಯಾಕ ಬೇಕವಾ” ಅಂದ.

ಬೇಕಾಗಿತ್ತು. ಮೊದಲ ದಿನವೇ ಮುದುಕಿ ನನ್ನ ಕಡೆ ನೋಡಿ “ಕೂಸ್, ಕೂಸ್” ಎಂದು ಒಂದೇ ಸಮನೆ ಅನ್ನತೊಡಗಿದರು. ಮನೆಯಲ್ಲಿ ಕೂಸು ಎಲ್ಲಿದೆ ಎಂದು ನಾನು ಪಡಸಾಲೆ, ಹಿತ್ತಲು ಎಲ್ಲ ಹುಡುಕಿ ಬಂದೆ. ಅವರ ಸೊಸೆ ಒಲೆಯ ಮುಂದಿನಿಂದ ಎದ್ದು ಬಂದಳು. ಅವಳಿಗೆ ಅಷ್ಟಿಷ್ಟು ಕನ್ನಡ ಹತ್ತಿತ್ತು. “ಮಗ್ಗಲಾ ಬದಲಿ ಮಾಡು ಅಂತಾರ” ಅಂದಳು. ಮರಾಠಿಯಲ್ಲಿ ಕೂಸ್ ಅಂದರೆ ಮಗ್ಗುಲು. ನಾನು ಹುಡುಕುತ್ತಿದ್ದಷ್ಟು ಹೊತ್ತೂ ಮುದುಕಿ ಹಲ್ಲು ಕಚ್ಚಿ ನೋವು ತಡೆದುಕೊಂಡು ಮಲಗಿದ್ದರು.

ಎಲ್ಲರಂತೆ ನಾನೂ ಅವರನ್ನು ಆಜಿ ಎಂದು ಕರೆದೆ. ದಿಂಬಿಗೆ ಏನನ್ನುತ್ತಾರೆ, ನಿಧಾನ ಅನ್ನುವುದು ಹೇಗೆ, ಸಾಕು ಅನ್ನುವುದು ಹೇಗೆ, ಮೊದಲು ಕಲಿತದ್ದು ಇಷ್ಟೇ. ಆಜಿ ತಪ್ಪು ಮಾತು ಸಹಿಸುತ್ತಿರಲಿಲ್ಲ. ಅವರ ಮಾತಿನಲ್ಲಿ ದಿಂಬು ಹೆಣ್ಣು, ಮಂಚ ಗಂಡು. ನಾನು ಅದಲುಬದಲು ಮಾಡಿದರೆ, ಮೈ ಅರ್ಧ ಎತ್ತಿದಲ್ಲೇ ನನ್ನ ಕೈ ಹಿಡಿದು ನಿಲ್ಲಿಸಿ, ಸರಿಯಾಗಿ ಅನ್ನಿಸಿದ ಮೇಲೆಯೇ ಮುಂದಕ್ಕೆ ಬಿಡುತ್ತಿದ್ದರು. ಅವರ ಭಾರವೆಲ್ಲ ನನ್ನ ತೋಳಿನ ಮೇಲೆ. ದಿಂಬು ಹೆಣ್ಣಾದರೇನು ಗಂಡಾದರೇನು ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಬಿಸಿನೀರು ಕಾಯಿಸುವುದು, ಮೈ ಒರೆಸುವುದು, ಬೆನ್ನಿನ ಹುಣ್ಣು ತೊಳೆಯುವುದು, ಬಟ್ಟೆ ಒಗೆಯುವುದು, ಅಷ್ಟರಲ್ಲಿ ಮತ್ತೆ ಮಗ್ಗುಲು ಬದಲಿಸುವ ಹೊತ್ತು. ಒಂದು ಮಾತು ಆಡಬೇಕಾದರೂ ಮೊದಲು ಕನ್ನಡದಲ್ಲಿ ಜೋಡಿಸಿಕೊಂಡು, ಆಮೇಲೆ ಒಂದೊಂದೇ ಶಬ್ದ ಮರಾಠಿಗೆ ತಿರುಗಿಸಬೇಕಿತ್ತು. ಮೈಗಿಂತ ಅದೇ ಹೆಚ್ಚು ದಣಿಸುತ್ತಿತ್ತು. ಹಾಗಾಗಿ ನಾನು ಮಾತು ಕಡಿಮೆ ಮಾಡಿದೆ. ಈ ಹೆಂಗಸು ಬಹಳ ಸಂಭಾವಿತಳು ಎಂದು ಸಾಹೇಬರು ಹೊಗಳಿದರಂತೆ.

ಅದು ಮಡಿಯ ಮನೆ, ಆಜಿಗೆ ನೀರು, ಊಟ ಸೊಸೆಯ ಕೈಯಿಂದಲೇ ಆಗಬೇಕು. ಉಳಿದದ್ದೆಲ್ಲ ನನ್ನದು. ಒಂದು ಮಧ್ಯಾಹ್ನ ಸೊಸೆ ಪಕ್ಕದ ಓಣಿಗೆ ಅರಿಶಿನ ಕುಂಕುಮಕ್ಕೆ ಹೋಗಿದ್ದಳು. ಆಜಿ ನೀರು ಕೇಳಿದರು.

“ವಹಿನಿ ಬರಲಿ” ಅಂದೆ. ಸೊಸೆಯನ್ನು ನಾನು ಹಾಗೆ ಕರೆಯುತ್ತಿದ್ದೆ.

“ನೀನೇ ಕೊಡು.”

“ಕೊಟ್ಟರೆ ಬೈಸಿಕೊಳ್ಳುವವಳು ನಾನು, ನೀವಲ್ಲ. ಮಲಗಿದಲ್ಲಿಂದ ಹುಕುಂ ಮಾಡುವುದು ಸುಲಭ. ಬೆಳಗಿನಿಂದ ನಾನು ಸೊಂಟ ನೆಟ್ಟಗೆ ಮಾಡಿಲ್ಲ, ಅದು ನಿಮ್ಮ ಕಣ್ಣಿಗೆ ಬೀಳುವುದಿಲ್ಲ.”

ಆಜಿ ಬೈಯುತ್ತಾರೆ ಎಂದುಕೊಂಡೆ. “ಒಂದೂ ತಪ್ಪಿಲ್ಲ” ಅಂದರು. ಆಗಲೇ ನನಗೆ ಗೊತ್ತಾದದ್ದು, ಅಷ್ಟೂ ಮಾತು ಮರಾಠಿಯಲ್ಲಿ ಆಡಿದ್ದೆ ಎಂದು. ತಿರುಗಿಸಿ ಜೋಡಿಸುವಷ್ಟು ತ್ರಾಣ ಇರಲಿಲ್ಲ, ಬಂದದ್ದು ಬಂದ ಹಾಗೆ ಬಂದಿತ್ತು. ಎದ್ದು ನೀರು ಕೊಟ್ಟೆ. ಕುಡಿದರು. ಈ ಮಾತು ಇಬ್ಬರೂ ಯಾರಿಗೂ ಹೇಳಲಿಲ್ಲ.

ಆಮೇಲೆ ಮಾತಿಗೆ ತಡೆ ಇಲ್ಲದಾಯಿತು. ಆದರೆ ನನ್ನ ಮರಾಠಿ ಆಜಿಯ ಮರಾಠಿಯೇ ಆಗಿತ್ತು. ಅದೇ ಎಳೆತ, ಅದೇ ಗದರಿಕೆ. ಹಾಲಿನವಳು ನನ್ನ ಬಾಯಿಗೆ ಹೆದರುತ್ತಿದ್ದಳು.

ಮುಂದಿನ ಮಳೆಗಾಲದಲ್ಲಿ ಆಜಿಗೆ ಲಕ್ವ ಹೊಡೆಯಿತು. ಬಾಯಿ ಒಂದು ಕಡೆ ವಾಲಿ ಮಾತು ನಿಂತುಹೋಯಿತು. ಅವರ ಕಣ್ಣು ಹೋದ ಕಡೆ ನೋಡಿ, ಅವರು ಏನು ಅನ್ನುತ್ತಿದ್ದರೋ ಅದನ್ನು ನಾನೇ ಅನ್ನುತ್ತಿದ್ದೆ. ಕಿಟಕಿ ಮುಚ್ಚು, ಹಾಲು ನೀರಾಗಿದೆ, ಸದ್ದು ಮಾಡಬೇಡ. ಮನೆಯವರಿಗೂ ಅದು ರೂಢಿಯಾಯಿತು.

ಸುದ್ದಿ ತಿಳಿದು ಪುಣೆಯಿಂದ ಆಜಿಯ ತಂಗಿ ಬಂದರು. ನಾನು ಬಾಗಿಲಿಗೆ ಬೆನ್ನು ಮಾಡಿ ಹಾಸಿಗೆಯ ಬಟ್ಟೆ ಬದಲಿಸುತ್ತಿದ್ದೆ. ಪಡಸಾಲೆಯಲ್ಲಿ ಹೆಜ್ಜೆ ಸಪ್ಪಳವಾಯಿತು. ತಿರುಗಿ ನೋಡದೆ, “ಕೋಣ್ ಆಹೇ? ಪಾಯ್ ಧುವೂನ್ ಯೇ” ಅಂದೆ. ಯಾರದು, ಕಾಲು ತೊಳೆದು ಬಾ ಎಂದು.

“ತಾಯೀ ಮಾತಾಡಿದಳು” ಎನ್ನುತ್ತ ಅವರು ಒಳಗೆ ಓಡಿ ಬಂದರು. ಮರಾಠಿಯಲ್ಲಿ ತಾಯೀ ಅಂದರೆ ಅಕ್ಕ. ಅಕ್ಕ ಬಾಯಿ ವಾಲಿಸಿಕೊಂಡು ಮಲಗಿದ್ದಳು. ಹೊಲಸು ಬಟ್ಟೆ ಹಿಡಿದು ನಾನು ನಿಂತಿದ್ದೆ. ಅವರು ನಮ್ಮಿಬ್ಬರನ್ನೂ ನೋಡಿದರು, ಹೊಸ್ತಿಲ ಮೇಲೆ ಕೂತು ಅಳತೊಡಗಿದರು. ಬಾಯಿ ತೆರೆದರೆ ಮತ್ತೆ ಅದೇ ದನಿ ಬರುತ್ತದೆ ಎಂದು ಸುಮ್ಮನೆ ಹೊರಗೆ ಹೋದೆ.

ಆ ತಂಗಿ ಕೆಲವು ದಿನ ಉಳಿದರು. ಮಧ್ಯಾಹ್ನದ ಹೊತ್ತು ಅಕ್ಕನ ಕೈ ಹಿಡಿದು ಕಣ್ಣು ಮುಚ್ಚಿ ಕೂರುತ್ತಿದ್ದರು. “ಏನಾದರೂ ಮಾತಾಡು” ಅನ್ನುತ್ತಿದ್ದರು ನನಗೆ.

“ಏನು ಮಾತಾಡಲಿ?”

“ನನ್ನನ್ನು ಬಯ್ಯಿ. ಅವಳು ಬಯ್ಯುತ್ತಿದ್ದಳು.”

ಅದು ನನಗೆ ನಿದ್ದೆ ಎಳೆಯುವ ಹೊತ್ತು. ಗೋಡೆಗೆ ಒರಗಿ, ಮಳೆಯನ್ನು ಬೈದೆ, ಸೊಳ್ಳೆಯನ್ನು ಬೈದೆ, ಇಷ್ಟು ತಡಮಾಡಿ ಬಂದಿರೆಂದು ಅವರನ್ನೂ ಬೈದೆ. ಅವರು ತಲೆ ಆಡಿಸುತ್ತ ಕೇಳುತ್ತಿದ್ದರು. ಆಜಿಯ ಒಂದು ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅದು ಯಾವಾಗಲೂ ಇಳಿಯುತ್ತಿದ್ದ ಕಣ್ಣೇ. ನಗುವೋ ಅಳುವೋ ಹೇಳಲಾರೆ.

ಚಳಿಗಾಲದಲ್ಲಿ ಆಜಿ ಹೋದರು. ಸೊಸೆ ನನಗೊಂದು ಸೀರೆ ಉಡಿಸಿ ಕಳಿಸಿದಳು.

ಅಮರಗೋಳದಲ್ಲಿ ಅತ್ತಿಗೆ ಜೋಳ ಹಸನು ಮಾಡುತ್ತಿದ್ದಳು. “ಮರಾಠಿ ಛಲೋ ಮಾತಾಡ್ತೀಯಂತ. ಜ್ವಾಳಕ್ಕ ಏನಂತಾರ ಹೇಳ ನೋಡೂಣು” ಅಂದಳು. ನನಗೆ ಗೊತ್ತಿರಲಿಲ್ಲ. ಹೊಲಕ್ಕೆ, ರಾಶಿಗೆ, ಎತ್ತಿನ ಕೊರಳ ಗಂಟೆಗೆ ಏನನ್ನುತ್ತಾರೋ ಅದೂ ಗೊತ್ತಿರಲಿಲ್ಲ. ಒಂದು ಕೋಣೆಯೊಳಗಿನ ಮಾತಷ್ಟೇ ನನಗೆ ಬರುತ್ತಿದ್ದದ್ದು. ಅತ್ತಿಗೆ ನಂಬಲಿಲ್ಲ. ಬೇಕಂತಲೇ ಹೇಳುತ್ತಿಲ್ಲ ಎಂದು ಮುಖ ತಿರುಗಿಸಿದಳು.

ವಾರ ಕಳೆಯುವುದರೊಳಗೆ ಹುಬ್ಬಳ್ಳಿಯಿಂದ ಒಬ್ಬರು ಬಂದರು. ಅವರ ತಂದೆ ಹಾಸಿಗೆ ಹಿಡಿದಿದ್ದರು, ಮರಾಠಿ ಬರುವ ಹೆಂಗಸನ್ನೇ ಹುಡುಕುತ್ತಿದ್ದರು. “ಯಾವಾಗ ಬರ್ತೀರಿ?” ಎಂದು ಕೇಳಿದರು.

“ಸ್ವಲ್ಪ ದಿನ ಮಕ್ಕೊಂತೇನ್ರಿ, ಆಮ್ಯಾಲೆ ಬರ್ತೇನಿ” ಅಂದೆ.

ಅವರು ನಕ್ಕರು. ನಾನು ಖರೇ ಹೇಳಿದ್ದೆ. ಒಳಗೆ ಹೋಗಿ ಚಾಪೆ ಹಾಸಿ ಮಲಗಿಬಿಟ್ಟೆ.