ಯಜಮಾನರ ನಂಬರು

ನಮ್ಮ ಪಕ್ಕದ ಮನೆಯ ವನಜಮ್ಮನವರಿಗೆ ಐವತ್ತು ದಾಟಿದ ಮೇಲೆ ಕಾರು ಓಡಿಸುವ ಹುಚ್ಚು ಹಿಡಿಯಿತು. ಹಿಡಿದದ್ದು ಬಿಡಲಿಲ್ಲ. ಕುಶಾಲನಗರದ ಡ್ರೈವಿಂಗ್ ಸ್ಕೂಲಿನಲ್ಲಿ ಕಾಲೇಜು ಹುಡುಗಿಯರ ಸಾಲಿನಲ್ಲಿ ನಿಂತು ಕಲಿತರು, ಮೊದಲ ಸಲಕ್ಕೇ ಲೈಸೆನ್ಸ್ ಗಿಟ್ಟಿಸಿದರು, ತವರಿನಿಂದ ಬಂದ ಪಾಲಿನಲ್ಲಿ ಒಂದು ಪುಟ್ಟ ಬಿಳಿ ಕಾರು ಕೊಂಡರು. ಎಡಕ್ಕೆ ಇಂಡಿಕೇಟರ್ ಹಾಕಿ ಬಲಕ್ಕೆ ತಿರುಗುವ ಒಂದು ಅಭ್ಯಾಸ ಬಿಟ್ಟರೆ ಅವರ ಡ್ರೈವಿಂಗಿಗೆ ಹೆಸರಿಡುವ ಹಾಗಿಲ್ಲ. ಅವರ ಗಂಡ ಪುಟ್ಟರಾಜಣ್ಣನಿಗೆ ಸ್ಕೂಟರ್ ಬಿಟ್ಟರೆ ಬೇರೆ ಗಾಡಿ ಬರುವುದಿಲ್ಲ. ಹಾಗಾಗಿ ಕಾರಿನ ವಿಷಯದಲ್ಲಿ ಸಲಹೆ ಕೊಡುವ ಕೆಲಸವನ್ನೆಲ್ಲ ಅವರೇ ವಹಿಸಿಕೊಂಡಿದ್ದರು.

ತೊಂದರೆ ಕಾರಿನದಲ್ಲ, ಶೆಡ್ಡಿನದು. ನಮ್ಮೂರು ಹಾರಂಗಿ ಹಿನ್ನೀರಿನ ದಂಡೆಯಲ್ಲಿದೆ. ಬೆಳಿಗ್ಗೆ ಎದ್ದರೆ ನೀರಿನ ಮೇಲಿನ ಮಂಜು ಅಂಗಳಕ್ಕೇ ಬಂದು ಕೂತಿರುತ್ತದೆ. ಮಳೆಗಾಲದಲ್ಲಂತೂ ಚಪ್ಪಲಿಗೂ ಬೂಷ್ಟು, ಬೆಂಕಿಪೊಟ್ಟಣಕ್ಕೂ ಶೀತ. ಕಾರು ಹೊರಗಿದ್ದರೆ ಕೆಡುತ್ತದೆಂದು ಪುಟ್ಟರಾಜಣ್ಣ ಶೆಡ್ ಕಟ್ಟಿಸಲು ಹೊರಟರು. ಹೊರಟವರು ಮೊದಲು ಶಟರು ತಂದರು. ಅದು ಮುಚ್ಚಿಹೋದ ರೈಸ್ ಮಿಲ್ಲೊಂದರದು, ಲಾರಿ ನುಗ್ಗುವಂಥದು, ಗುಜರಿ ಬೆಲೆಗೆ ಸಿಕ್ಕಿತೆಂದು ಹೊತ್ತು ತಂದಿದ್ದರು. ಶಟರಿನ ಅಗಲಕ್ಕೆ ತಕ್ಕಂತೆ ಶೆಡ್ ಎದ್ದಿತು, ಶೆಡ್ಡಿಗೆ ಜಾಗ ಸಾಲದೆ ದನದ ಕೊಟ್ಟಿಗೆ ಹಿತ್ತಲಿಗೆ ಹೋಯಿತು. ಇಷ್ಟೆಲ್ಲ ಆದಮೇಲೆ ಒಳಗೆ ನಿಂತ ಕಾರು ಹಂಡೆಯಲ್ಲಿ ಬಿದ್ದ ನಿಂಬೆಹಣ್ಣಿನ ಹಾಗೆ ಕಾಣುತ್ತಿತ್ತು.

ಆ ಶಟರಿನ ಸ್ಪ್ರಿಂಗು ಮಿಲ್ಲಿನಲ್ಲೇ ಪ್ರಾಣ ಬಿಟ್ಟಿತ್ತು. ತುಕ್ಕು ತಿಂದು ಕಚ್ಚಿಕೊಂಡ ಅದನ್ನು ಎತ್ತಲು ಇಬ್ಬರು ಗಂಡಸರೇ ಬೇಕು. ಒಬ್ಬರು ಪುಟ್ಟರಾಜಣ್ಣ. ಇನ್ನೊಬ್ಬ ನಾನು, ಲೋಕೇಶ. ಪಕ್ಕದ ಮನೆಯಲ್ಲಿ ಹುಟ್ಟಿದ್ದಕ್ಕೆ ನನಗೆ ಸಿಕ್ಕ ಪಾಲು ಇದು.

ಸೊಂಟ ಹೋದರೆ ಹೋಗಲಿ ಎಂದು ಎತ್ತಿಕೊಡುತ್ತಿದ್ದೆ. ಆದರೆ ಪುಟ್ಟರಾಜಣ್ಣನ ಬಾಯಿ ಸುಮ್ಮನಿರಬೇಕಲ್ಲ. ಶಟರು ಮೊಣಕಾಲಿನ ಮಟ್ಟಕ್ಕೆ ಬರುತ್ತಲೇ, ಬ್ಯಾಗು ಹಿಡಿದು ನಿಂತ ಹೆಂಡತಿಯ ಕಡೆ ತಿರುಗಿ, "ಎಲ್ಗೆ ಹೊಂಟೆ?" ಎಂದು ಕೇಳಿಬಿಡುತ್ತಿದ್ದರು.

ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದೆಂಬುದು ನಮ್ಮ ಕಡೆ ಎಳೆ ಮಕ್ಕಳಿಗೂ ಗೊತ್ತು. ಕೇಳಿದರೆ ಹೋದ ಕೆಲಸ ಕೆಟ್ಟಂತೆಯೇ. ಒಳಗೆ ಹೋಗಿ, ಕೂತು, ನೀರು ಕುಡಿದು, ಮತ್ತೆ ಹೊಸದಾಗಿ ಹೊರಡಬೇಕು. ವನಜಮ್ಮ ಇದನ್ನು ಗಟ್ಟಿಯಾಗಿ ನಂಬಿದವರು. ಅವರ ಮಾವ ಹಾಸನದ ಕಡೆಯಿಂದ ಗಾಡಿ ಕಟ್ಟಿಕೊಂಡು ಮೈಸೂರಿಗೆ ಹೊರಟಾಗ ಯಾರೋ ಪುಣ್ಯಾತ್ಮ ಎಲ್ಲಿಗೆ ಎಂದನಂತೆ, ಅವರು ನೀರು ಕುಡಿಯದೆ ಮುಂದೆ ಹೋದರಂತೆ, ಅದಕ್ಕೇ ದಾರಿ ತಪ್ಪಿ ಇಲ್ಲಿ ಬಂದು ನೆಲೆ ನಿಂತರಂತೆ. ಒಂದು ಗುಟುಕು ನೀರಿಗಾಗಿ ಇಡೀ ವಂಶದ ಜಿಲ್ಲೆಯೇ ಬದಲಾಗಿತ್ತು.

ಆದ್ದರಿಂದ ಗಂಡ ಕೇಳಿದ ತಕ್ಷಣ ವನಜಮ್ಮ ಒಳಗೆ ಹೋಗುತ್ತಿದ್ದರು. ಅವರು ಕೂತು ನೀರು ಕುಡಿಯುವತನಕ ಶಟರು ಹೊತ್ತು ನಿಲ್ಲಲು ನಾವೇನು ಕಂಬಗಳೇ? ಇಳಿಸುತ್ತಿದ್ದೆವು. ಅವರು ಬರುತ್ತಿದ್ದರು, ಎತ್ತುತ್ತಿದ್ದೆವು, ಶಟರು ಮೊಣಕಾಲಿಗೆ ಬರುತ್ತಿತ್ತು, ಪುಟ್ಟರಾಜಣ್ಣ ಮತ್ತೆ ಕೇಳುತ್ತಿದ್ದರು. ಬೇಕೆಂದು ಕೇಳುವವರಲ್ಲ ಅವರು. ಭಾರ ಎತ್ತಿದಾಗ ಕೆಲವರ ಬಾಯಿಂದ ಉಸ್ಸೆಂದು ಬರುತ್ತದೆ, ಅವರ ಬಾಯಿಂದ ಎಲ್ಲಿಗೆ ಎಂದು ಬರುತ್ತದೆ. ಕೊನೆಗೆ ಹೊಟ್ಟೆ ತುಂಬ ನೀರು ತುಂಬಿಕೊಂಡ ವನಜಮ್ಮ, ಇನ್ನು ಹೋಗುವುದೇ ಬೇಡವೆಂದು ಸೀರೆ ಬದಲಾಯಿಸುತ್ತಿದ್ದರು.

ಕಾರು ಒಳಗೇ ಉಳಿಯಿತು. ಆ ಮಳೆಗಾಲದಲ್ಲಿ ಸೀಟಿನ ಮೇಲೆ ಬೂಷ್ಟು ಬಂತು, ಸ್ಟೇರಿಂಗಿಗೆ ಹಸಿರು ಹತ್ತಿತು. ಇದನ್ನು ನೋಡಿದ ಪುಟ್ಟರಾಜಣ್ಣ ತೀರ್ಪು ಕೊಟ್ಟರು. ಆಯುಧಪೂಜೆಯ ದಿನ ವನಜಮ್ಮ ಯಾರ ಕೈಯೂ ಹಿಡಿಯದೆ ಕಾರನ್ನು ತಾವೇ ಹೊರಗೆ ತರಬೇಕು. ಆಗದಿದ್ದರೆ ಅದು ಸೋಮವಾರಪೇಟೆಯಲ್ಲಿರುವ ತನ್ನ ತಮ್ಮನಿಗೆ ಎಂದರು. ತಮ್ಮ ಮಹಾಶಯ ಅಷ್ಟಕ್ಕೇ ಸೀಟಿನ ಕವರು ಹೊಲಿಸಿಕೊಂಡು, ಕನ್ನಡಿಗೆ ತೂಗುಹಾಕಲು ಒಂದು ಬೊಂಬೆಯನ್ನೂ ತಂದಿಟ್ಟುಕೊಂಡನೆಂದು ಸುದ್ದಿ ಬಂತು.

ಅವತ್ತು ಸಂಜೆ ವನಜಮ್ಮ ಬೇಲಿಯ ಹತ್ತಿರ ಬಂದು ನನ್ನನ್ನು ಕರೆದರು. ಅಷ್ಟಕ್ಕೂ ನೀವು ಹೋಗಬೇಕೆಂದಿರುವುದು ಎಲ್ಲಿಗೆ ಎಂದು ನಾನು ಕೇಳಿದೆ. ಆಗ ಅವರು ಎಲ್ಲಿಗೂ ಹೊರಟಿರಲಿಲ್ಲ, ಕೇಳಿದರೆ ದೋಷವಿರಲಿಲ್ಲ.

"ಎಲ್ಗೂ ಇಲ್ಲ ಕಣಪ್ಪ," ಎಂದರು. "ಮದ್ವೆಯಾಗಿ ಬಂದಾಗಿಂದ ಈ ಗೇಟು ದಾಟ್ಬೇಕಾದ್ರೆ ಯಾರಿಗಾದ್ರೂ ಹೇಳೇ ಹೋಗಿದೀನಿ. ಒಂದ್ ಸಲ, ಯಾರೂ ಕೇಳ್ದಂಗೆ ದಾಟ್ಬೇಕು. ಅಷ್ಟೇಯ."

ನನಗೆ ಸಂಕಟವಾಯಿತು. ಶಟರಿಗೆ ಮೋಟಾರು ಹಾಕಿಸೋಣ, ಮೋಟಾರಿಗೆ ಬಾಯಿಯಿಲ್ಲ ಎಂದೆ. ಈಗ ನೆನೆದರೆ ನಗು ಬರುತ್ತದೆ.

ಕುಶಾಲನಗರದ ಅಂಗಡಿಯಲ್ಲಿ ಮೋಟಾರು ತೋರಿಸುವ ಹುಡುಗ ಕಿರಣ್‌ಕುಮಾರ್ ತುಂಬಾ ವಿನಯವಂತ. ಚೈನಿನದು, ಬೆಲ್ಟಿನದು, ಶಟರಿನ ಪಕ್ಕಕ್ಕೆ ಕೂರಿಸುವುದು, ಎಲ್ಲವನ್ನೂ ಕೂಸಿನ ಹಾಗೆ ಎತ್ತಿ ಎತ್ತಿ ತೋರಿಸಿದ. ವನಜಮ್ಮ ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಹಾಕಿದರು: ಬೂಷ್ಟು ಬರುತ್ತದೋ ಇಲ್ಲವೋ. ಹುಡುಗ ಸುಳ್ಳು ಹೇಳುವವನಲ್ಲ. ನಿಮ್ಮ ಕಡೆಯ ಶೀತಕ್ಕೆ ಒಳಗಿನ ಬೋರ್ಡು ಒಂದೇ ಮಳೆಗಾಲದಲ್ಲಿ ಕೆಡುತ್ತದೆ ಎಂದ. ಮೂಲೆಯಲ್ಲಿ ಇನ್ನೊಂದು ಪೆಟ್ಟಿಗೆ ಇತ್ತು. ರಬ್ಬರಿನ ಅಂಚು, ತುಕ್ಕು ಹಿಡಿಯದ ಸ್ಕ್ರೂ, ದಪ್ಪನೆಯ ಬಣ್ಣ. ಅದು ಯಾಕಾಗಬಾರದೆಂದು ನಾನು ಕೇಳಿದೆ. ಅದು ಕರಾವಳಿ ಮಾಡೆಲ್ ಸಾರ್, ಮನೆ ಸಮುದ್ರದ ಹತ್ತಿರ ಇದ್ದರೆ ಮಾತ್ರ ಕಂಪನಿ ಗ್ಯಾರಂಟಿ ಕೊಡುತ್ತದೆ ಎಂದ.

ವನಜಮ್ಮ ಕುರ್ಚಿ ಎಳೆದುಕೊಂಡು ಕೂತರು. ನಮ್ಮ ಜಗುಲಿಯಿಂದ ಕಲ್ಲು ಬೀರಿದರೆ ನೀರಿಗೆ ಬೀಳುತ್ತದೆ ಎಂದರು. ಅದು ಹಿನ್ನೀರಲ್ಲವೇ ಎಂದ ಹುಡುಗ. ಆಚೆ ದಡ ಮಂಜಿನಲ್ಲಿ ಕಾಣುವುದಿಲ್ಲ, ಕಾಣದ ಮೇಲೆ ಯಾವ ನೀರಾದರೇನು ಎಂದರು ಇವರು. ಅಲೆ ಬೇಕಲ್ಲಮ್ಮ ಎಂದ. ಡ್ಯಾಮಿನ ಕ್ರೆಸ್ಟ್ ಗೇಟ್ ತೆಗೆದಾಗ ಬಂದು ನೋಡು ಎಂದರು. ಕೊನೆಗೆ ಅವನು ತಲೆ ಕೆರೆದುಕೊಂಡು, ಸಮುದ್ರವೆಂದರೆ ಗಾಳಿಯಲ್ಲಿ ಉಪ್ಪಿರಬೇಕು ಎಂದ.

"ಉಪ್ಪಾ?" ಎಂದರು ವನಜಮ್ಮ. "ನಮ್ಮ ಶೆಡ್ಡಲ್ಲಿ ಉಪ್ಪಿನಕಾಯಿ ಭರಣಿ ಐತಲ್ಲ."

ಕಿರಣ್‌ಕುಮಾರ್ ಪೆನ್ನು ತೆಗೆದ. ಆಮೇಲೆ ಗ್ಯಾರಂಟಿ ಕಾರ್ಡಿನಲ್ಲಿ ಹತ್ತಿರದ ಕಡಲು ಎಂಬ ಜಾಗದಲ್ಲಿ ಹಾರಂಗಿ ಎಂದು ಬರೆದ. ಬರೆಯುತ್ತಾ ತಲೆ ಎತ್ತದೆ, "ಯಜಮಾನರ ನಂಬರ್ ಹೇಳಿ" ಎಂದ. ರೇಷನ್ ಕಾರ್ಡಿನಿಂದ ಗ್ಯಾಸ್ ಬುಕ್ಕಿಂಗಿನವರೆಗೆ ಎಲ್ಲ ಕಡೆ ಕೇಳುವಂತೆಯೇ ಕೇಳಿದ, ಎಲ್ಲ ಕಡೆ ಹೇಳುವಂತೆಯೇ ವನಜಮ್ಮ ಪುಟ್ಟರಾಜಣ್ಣನ ನಂಬರು ಹೇಳಿದರು. ಪಕ್ಕದಲ್ಲೇ ಇದ್ದ ನನಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಮೋಟಾರು ಕೂತಿತು. ವನಜಮ್ಮ ರೇಷ್ಮೆ ಸೀರೆ ಉಟ್ಟು, ರಿಮೋಟಿಗೆ ಕುಂಕುಮ ಹಚ್ಚಿ, ಗುಂಡಿ ಒತ್ತಿದರು. ರೈಸ್ ಮಿಲ್ಲಿನ ಆ ಹಠಮಾರಿ ಶಟರು ಗೊಣಗುತ್ತಾ ಗೊಣಗುತ್ತಾ ತಾನಾಗಿ ಮೇಲೆದ್ದಿತು. ನನ್ನ ಸೊಂಟಕ್ಕೆ ಆದ ಸಂತೋಷ ಅಷ್ಟಿಷ್ಟಲ್ಲ. ಅವರು ಕಾರಿನ ಬಾಗಿಲಿಗೆ ಕೈ ಹಾಕಿದರು, ಅಷ್ಟರಲ್ಲಿ ಬ್ಯಾಗಿನಲ್ಲಿ ಫೋನು ಬಡಿದುಕೊಂಡಿತು. ಶಟರು ಎದ್ದರೆ ಮೋಟಾರು ಕಾರ್ಡಿನಲ್ಲಿರುವ ನಂಬರಿಗೆ ಸುದ್ದಿ ಮುಟ್ಟಿಸುತ್ತದೆಂದು ನಮಗೆ ಗೊತ್ತಾದದ್ದೇ ಆಗ. ಹೊಲದಲ್ಲಿ ಜೋಳ ಮುರಿಸುತ್ತಿದ್ದ ಪುಟ್ಟರಾಜಣ್ಣನ ಮೊಬೈಲು ಅವರಿಗೆ, ನಿಮ್ಮ ಬಾಗಿಲು ತೆರೆದಿದೆ ಎಂದು ಹೆಂಗಸಿನ ದನಿಯಲ್ಲಿ ಹೇಳಿತ್ತು. ಅವರು ಗಾಬರಿಯಿಂದ ಫೋನು ಮಾಡಿ, ಅದೇ ಉಸಿರಿನಲ್ಲಿ, "ಎಲ್ಗೆ ಹೊಂಟೆ?" ಎಂದರು.

ವನಜಮ್ಮ ಒಳಗೆ ಹೋಗಿ ನೀರು ಕುಡಿದರು.

ಅಲ್ಲಿಗೆ ಹಳೆಯ ಕಾಲವೇ ವಾಸಿ ಎನ್ನುವಂತಾಯಿತು. ಮೊದಲು ಪುಟ್ಟರಾಜಣ್ಣ ಮನೆಯಲ್ಲಿದ್ದರೆ ಮಾತ್ರ ಕೇಳುತ್ತಿದ್ದರು, ಈಗ ಹೊಲದಿಂದ, ಸಂತೆಯಿಂದ, ಸೊಸೈಟಿಯ ಮೀಟಿಂಗಿನಿಂದಲೂ ಕೇಳತೊಡಗಿದರು. ಉಪ್ಪಿನಕಾಯಿ ತರಲು ಶಟರು ತೆಗೆದರೂ ಫೋನು ಬರುತ್ತಿತ್ತು. ಉಪ್ಪಿನಕಾಯಿಗೆ ಹೊರಟವರನ್ನು ಕೇಳಿದರೂ ಕೇಳಿದಂತೆಯೇ ಅಲ್ಲವೇ? ಆ ಮನೆಯಲ್ಲಿ ಊಟಕ್ಕೆ ಕೂತವರು ಉಪ್ಪಿನಕಾಯಿ ಬರುವುದರೊಳಗೆ ಮಜ್ಜಿಗೆಗೆ ಬಂದಿರುತ್ತಿದ್ದರು.

ಆಯುಧಪೂಜೆ ಹತ್ತಿರವಾಯಿತು. ವನಜಮ್ಮ ಒಂದು ಬೆಳಿಗ್ಗೆ ನನ್ನನ್ನೂ ಎಳೆದುಕೊಂಡು ಬಸ್ಸಿನಲ್ಲಿ ಕುಶಾಲನಗರಕ್ಕೆ ಹೋದರು. ಮನೆಯಲ್ಲಿ ಕಾರು, ಕಾರಿಗೆ ಶೆಡ್ಡು, ಶೆಡ್ಡಿಗೆ ಮೋಟಾರು ಇರುವ ಹೆಂಗಸು ಬಸ್ಸಿನಲ್ಲಿ ನಿಂತು ಹೋಗುವುದನ್ನು ನೋಡಿ ನನಗೆ ಸಿಟ್ಟು ಬಂದಿತ್ತು. ಅವರು ಅಂಗಡಿಯ ಮೆಟ್ಟಿಲು ಹತ್ತುತ್ತಲೇ, ಯಜಮಾನರ ನಂಬರು ಬದಲಾಯಿಸಬೇಕು ಎಂದರು. ಕಿರಣ್‌ಕುಮಾರನ ಮುಖ ಬಾಡಿತು. ಎದ್ದು ನಿಂತು, ಕೈ ಕಟ್ಟಿಕೊಂಡು, ಮೆಲ್ಲಗೆ ಕೇಳಿದ.

"ಯಾವಾಗಮ್ಮ ಹೋಗಿದ್ದು?"

"ಯಾರು?"

"ಯಜಮಾನ್ರು."

"ಅವ್ರಿಗೇನಾಗೈತೆ, ಗುಂಡುಕಲ್ಲಿನಂಗವ್ರೆ. ಜೋಳ ಮುರುಸ್ತಾವ್ರೆ." ಹುಡುಗನಿಗೆ ಇನ್ನೂ ತಿಳಿಯಲಿಲ್ಲ. ವನಜಮ್ಮ ರಿಮೋಟನ್ನು ಮೇಜಿನ ಮೇಲಿಟ್ಟರು. "ಕಾರು ನಂದು. ಮೋಟಾರು ನಂದು. ಯಜಮಾನ್ರು ಅಂತ ಬರ್ದಿರೋ ಕಡೆ ನನ್ ನಂಬರ್ ಬರ್ಕೋ."

ಆ ಪದಕ್ಕೆ ಎರಡು ಅರ್ಥವಿದೆಯೆಂದು ಇಷ್ಟು ವರ್ಷ ಕನ್ನಡ ಮಾತಾಡಿದ ನನಗೂ ಆವತ್ತೇ ಹೊಳೆದದ್ದು. ಹುಡುಗ ಮೊಬೈಲಿನಲ್ಲಿ ಏನೇನೋ ಒತ್ತಿ, ಈಗ ನೀವೇ ಯಜಮಾನ್ರು ಎಂದ. ವಾಪಸು ಬರುವಾಗಲೂ ಬಸ್ಸಿನಲ್ಲಿ ಸೀಟು ಸಿಗಲಿಲ್ಲ, ಆದರೆ ಅವರು ನಿಂತ ಗತ್ತೇ ಬೇರೆ ಇತ್ತು.

ಮಾರನೆಯ ದಿನ ಅವರು ನಮ್ಮ ಮನೆಯಲ್ಲಿ ನನ್ನ ಹೆಂಡತಿ ಯಮುನಾಳ ಜೊತೆ ಹೂ ಕಟ್ಟುತ್ತಾ ಕೂತಿದ್ದರು. ಅವರ ಫೋನು, ನಿಮ್ಮ ಬಾಗಿಲು ತೆರೆದಿದೆ ಎಂದಿತು. ಬೇಲಿಯಾಚೆ ನೋಡಿದೆ. ಪುಟ್ಟರಾಜಣ್ಣ ಶೆಡ್ಡಿನಿಂದ ಸ್ಕೂಟರ್ ಇಳಿಸುತ್ತಿದ್ದರು. ವನಜಮ್ಮ ಹೂವಿನ ಎಳೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ನಂಬರು ಒತ್ತಿದರು. "ಎಲ್ಗೆ ಹೊಂಟ್ರಿ?"

ಪುಟ್ಟರಾಜಣ್ಣ ಫೋನು ಕಿವಿಗೆ ಹಿಡಿದು ನಿಂತಲ್ಲೇ ನಿಂತರು. ಸ್ಕೂಟರ್ ಒಳಗಿಟ್ಟು, ಶಟರು ಇಳಿಸಿ, ಮನೆಯೊಳಗೆ ಹೋಗಿ ನೀರು ಕುಡಿದು ಬಂದರು. ಮತ್ತೆ ಶಟರು ಎತ್ತಿದರು, ಮತ್ತೆ ಫೋನು ಹೋಯಿತು. ಮೂರನೆಯ ಸಲ ಅವರು ಹೊರಗೆ ಬರಲಿಲ್ಲ. ನಾನು ಹೋಗಿ ನೋಡಿದರೆ ಜಗುಲಿಯಲ್ಲಿ ಚೊಂಬು ಹಿಡಿದು ಕೂತಿದ್ದರು. ಅವರು ಹೊರಟಿದ್ದದ್ದು ಬರೀ ಟೀ ಅಂಗಡಿಗೆ.

"ಲೋಕೇಶ," ಎಂದರು, "ಈ ನೀರು ಗಂಟ್ಲಲ್ಲಿ ಇಳಿಯಾಕಿಲ್ಲ ಕಣೋ."

ಆಯುಧಪೂಜೆಯ ದಿನ ಸೋಮವಾರಪೇಟೆಯ ತಮ್ಮ ಸೀಟಿನ ಕವರು, ಬೊಂಬೆ ಸಮೇತ ಬಂದಿಳಿದ. ಕಾರಿಗೆ ಚೆಂಡುಹೂ ಏರಿಸಿ, ಬೂದುಕುಂಬಳ ಒಡೆದು, ಚಕ್ರಕ್ಕೆ ನಿಂಬೆಹಣ್ಣು ಇಟ್ಟದ್ದಾಯಿತು. ಪೂಜೆ ಮುಗಿದ ಮೇಲೆ, ಕರಾರಿನಂತೆ, ಶಟರು ಇಳಿಸಿ ಎಲ್ಲರೂ ದೂರ ನಿಂತೆವು. ವನಜಮ್ಮ ಗುಂಡಿ ಒತ್ತಿದರು. ಶಟರು ಎದ್ದಿತು. ಅವರ ಫೋನು ಅವರಿಗೇ, ನಿಮ್ಮ ಬಾಗಿಲು ತೆರೆದಿದೆ ಎಂದು ವರದಿ ಒಪ್ಪಿಸಿತು.

ಪುಟ್ಟರಾಜಣ್ಣ ಬಾಯಿ ತುಂಬ ಎಲೆ ಅಡಿಕೆ ತುರುಕಿಕೊಂಡು, ತುಟಿ ಬಿಗಿದು ನಿಂತಿದ್ದರು. ನಾನು ಅಷ್ಟು ಎಲೆ ಒಂದೇ ಬಾಯಲ್ಲಿ ನೋಡಿದ್ದಿಲ್ಲ. ಕಾರು ನಿಂಬೆಹಣ್ಣು ಅಪ್ಪಚ್ಚಿ ಮಾಡಿ ಹೊರಬಂತು. ತಮ್ಮನಿಗೆ ಏನು ಗೊತ್ತು ಪಾಪ, "ಅತ್ಗೆ, ಎಲ್ಗೆ..." ಎನ್ನಲು ಬಾಯಿ ತೆರೆದ. ಪುಟ್ಟರಾಜಣ್ಣ ತಟ್ಟೆಯಲ್ಲಿದ್ದ ಬಾಳೆಹಣ್ಣನ್ನು ಸಿಪ್ಪೆಯ ಸಮೇತ ಅವನ ಬಾಯಿಗೆ ತುರುಕಿದರು.

ಕಾರು ಗೇಟು ದಾಟಿತು. ದಾಟಿ ನಿಂತಿತು. ಕಿಟಕಿಯ ಗಾಜು ಇಳಿಯಿತು. ನಾವು ಯಾರೂ ಉಸಿರೆತ್ತಲಿಲ್ಲ. ವನಜಮ್ಮ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಅವರ ಕಣ್ಣು ತುಂಬಿತ್ತು ಎಂದು ಯಮುನಾ ಇವತ್ತಿಗೂ ಹೇಳುತ್ತಾಳೆ, ನನಗೂ ಹಾಗೇ ಕಂಡಿತು.

"ಹಾರಂಗಿ ಡ್ಯಾಮ್ ತಾವ ಹೋಗಿ, ಚುರುಮುರಿ ತಿಂದು ಬತ್ತೀನಿ," ಎಂದರು.

ಪುಟ್ಟರಾಜಣ್ಣ ಬಾಯಲ್ಲಿದ್ದುದನ್ನೆಲ್ಲ ಬೇಲಿಯ ಬುಡಕ್ಕೆ ಉಗುಳಿದರು. "ನಿನ್ನ ಯಾರೂ ಕೇಳ್ಲೇ ಇಲ್ವಲ್ಲ."

"ಅದಕ್ಕೇ ಹೇಳ್ದೆ," ಎಂದವರೇ ವನಜಮ್ಮ ಎಡಕ್ಕೆ ಇಂಡಿಕೇಟರ್ ಹಾಕಿ ಬಲಕ್ಕೆ ತಿರುಗಿದರು.