ಸೇತುವೆಯವರೆಗೆ ನಾಲ್ಕು ಜನ

ಪೋಂ... ಪೋಂ. ಶನಿವಾರ ಬೆಳಿಗ್ಗೆ ಒಂಬತ್ತೂವರೆಯ ಹೊತ್ತಿಗೆ ಸಿಂಗಾಪುರದ ಸೆಂಬವಾಂಗ್‌ನ ಆ ವಸತಿ ಬ್ಲಾಕಿನ ಕೆಳಗೆ ಹಳೇ ಪೇಪರಿನವನ ಹಾರ್ನ್ ಕೇಳಿಸುತ್ತದೆ. ಕೈಯಲ್ಲಿ ಹಿಡಿದು ಹಿಸುಕುವ ರಬ್ಬರ್ ಚೆಂಡಿನ ಹಾರ್ನು. ಕೋಲಾರದಲ್ಲಿ ಹಿಂದೆ ಐಸ್‌ಕ್ಯಾಂಡಿಯವರು ಸೈಕಲ್ಲಿಗೆ ಕಟ್ಟಿಕೊಂಡು ಬರುತ್ತಿದ್ದಂಥದ್ದೇ. ಒಂಬತ್ತನೇ ಮಹಡಿಗೆ ಏರಿ ಬರುವಷ್ಟರಲ್ಲಿ ಸದ್ದು ಸ್ವಲ್ಪ ತೆಳ್ಳಗಾಗಿರುತ್ತದೆ.

"ಜಗ್ಗೂ, ಬಂದ ನೋಡು," ಎಂದರು ಭಾಗೀರಥಮ್ಮ, ಹುರುಳಿಕಾಯಿಯ ನಾರು ತೆಗೆಯುತ್ತ. "ಆ ಕಾಗದದ ರಾಶಿ ಎಲ್ಲ ಕೊಟ್ಟುಬಿಡು ಅವನಿಗೆ."

ಊಟದ ಮೇಜಿನ ಮೇಲೆ ಹರಡಿಕೊಂಡಿದ್ದ ಹಾಳೆಗಳ ಮೇಲೆ ಜಗದೀಶ ಅಂಗೈ ಊರಿದ. "ಇದು ಕೊಡೋದಲ್ಲಮ್ಮ. ಇದು ನಿಮ್ಮಪ್ಪ."

"ಅಷ್ಟೊಂದು ಜನಾನಾ ನನಗೆ ಅಪ್ಪಂದಿರು?"

ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಹಾಳೆಗಳಲ್ಲಿ ಇದ್ದವರೆಲ್ಲ ಥಾಮಸ್ ಬರ್ನ್‌ಗಳು. ಐರ್ಲೆಂಡಿನ ಆ ಹೆಸರು ನಮ್ಮ ಕಡೆಯ ವೆಂಕಟೇಶನ ಹಾಗೆ. ಊರೂರಿಗೂ ಇಬ್ಬರು ಮೂವರು. ಜೂನ್ ತಿಂಗಳಿಂದ ಜಗದೀಶ ರಜೆಯ ದಿನಗಳಲ್ಲೆಲ್ಲ ಅವರನ್ನು ಒಬ್ಬೊಬ್ಬರನ್ನಾಗಿ ಹಿಡಿದು, ಇವನಲ್ಲ ಎಂದು ಗೀಟು ಹಾಕುತ್ತ ಬಂದಿದ್ದ. ಮಹಾಲಯ ಅಮಾವಾಸ್ಯೆಗೆ ಇನ್ನು ಎಂಟು ದಿನ ಇತ್ತು.

ಜಗದೀಶನಿಗೆ ಐವತ್ತೇಳು. ಹಡಗು ರಿಪೇರಿಯ ಕಂಪನಿಯೊಂದರಲ್ಲಿ ಬಿಡಿಭಾಗಗಳ ಸ್ಟೋರ್ ಕೀಪರ್. ಕೆಲಸಕ್ಕೆ ಸೇರಿದಾಗ ಯಾರ್ಡು ಮನೆಯಿಂದ ನಡೆದು ಹೋಗುವಷ್ಟು ಹತ್ತಿರವಿತ್ತು. ಈಗ ಅದು ದ್ವೀಪದ ಇನ್ನೊಂದು ತುದಿಗೆ ಹೋಗಿದೆ, ಅವನು ಕಂಪನಿ ಬಸ್ಸಿನಲ್ಲಿ ತೂಕಡಿಸುತ್ತ ಹೋಗುತ್ತಾನೆ. ಹೆಂಡತಿ ಅನುಸೂಯಾ ಅಂದು ಎಳ್ಳು, ದರ್ಭೆ ತರಲು ಲಿಟಲ್ ಇಂಡಿಯಾಕ್ಕೆ ಹೋಗಿದ್ದಳು. ಇಲ್ಲೇ ಹುಟ್ಟಿ ಬೆಳೆದ ಮಗಳು ಸಂಹಿತಾ, ಪಾಲಿಟೆಕ್ನಿಕ್ ಮುಗಿಸಿ ಕೆಲಸಕ್ಕೆ ಸೇರಿದವಳು, ಸೋಫಾದ ಮೇಲೆ ಕಾಲು ಚಾಚಿ ಫೋನ್ ನೋಡುತ್ತಿದ್ದಳು.

ಭಾಗೀರಥಮ್ಮನಿಗೆ ಎಂಬತ್ತಾರು. ಅವರ ತಂದೆ ಐರಿಷ್ ಎಂಬುದನ್ನು ಅವರ ಕಣ್ಣಿನ ಬಣ್ಣ ಬಿಟ್ಟರೆ ಬೇರೆ ಯಾವುದೂ ಹೇಳುತ್ತಿರಲಿಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ ಫಿಟ್ಟರ್ ಆಗಿದ್ದ ಥಾಮಸ್ ಬರ್ನ್, ನಲವತ್ತು ದಾಟಿದ ಮೇಲೆ, ಅಲ್ಲಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಪದ್ಮಾವತಿಯನ್ನು ರಿಜಿಸ್ಟರ್ ಮದುವೆಯಾದ. ಹೆಣ್ಣು ಮಗು ಹುಟ್ಟಿತು. ಮಗುವಿಗೆ ಏಳು ತಿಂಗಳಾದಾಗ ಸಿಂಗಾಪುರದಲ್ಲಿ, ಇದೇ ಸೆಂಬವಾಂಗ್‌ನ ನೌಕಾನೆಲೆಯಲ್ಲಿ, ಕೆಲಸ ಸಿಕ್ಕಿ ಹೊರಟ. ಮನೆ ಹಿಡಿದ ಮೇಲೆ ಕರೆಸಿಕೊಳ್ಳುತ್ತೇನೆ ಎಂದವನು ಮರುವರ್ಷವೇ ಜ್ವರ ಬಂದು ತೀರಿಕೊಂಡ. ಪದ್ಮಾವತಿ ಮಗುವನ್ನೆತ್ತಿಕೊಂಡು ಅಣ್ಣನ ಮನೆ ಸೇರಿದರು.

ಆ ಅಣ್ಣ, ಭಾಗೀರಥಮ್ಮನ ಸೋದರಮಾವ, ಕೆಟ್ಟವನಲ್ಲ. ಆದರೆ ಒಂದು ಮಾತನ್ನು ಮಾತ್ರ ಬಿಡುತ್ತಿರಲಿಲ್ಲ. ನಾಮಕರಣದ ದಿನ, ಮಗುವನ್ನು ಚರ್ಚಿಗೆ ಕರೆದೊಯ್ಯುತ್ತೀರಾ ಎಂದು ಯಾರೋ ಕೇಳಿದಾಗ ಥಾಮಸ್, "ಹೆಣ್ಣು ಮಗು ತಾನೇ, ಅದು ನಿಮ್ಮ ಕಡೆಗೇ," ಎಂದುಬಿಟ್ಟನಂತೆ. "ಗಂಡಾಗಿದ್ದರೆ ಎತ್ಕೊಂಡು ಹೋಗ್ತಿದ್ದ. ಹೆಣ್ಣು ಅಂತ ನಮ್ಮ ಮಡಿಲಿಗೆ ಹಾಕಿ ಹೋದ," ಎಂದು ಮಾವ ಹಬ್ಬ ಹುಣ್ಣಿಮೆಗೆಲ್ಲ ನೆನಪಿಸುತ್ತಿದ್ದ. ಭಾಗೀರಥಮ್ಮ ಅದನ್ನು ಕೇಳುತ್ತಲೇ ದೊಡ್ಡವರಾದರು, ಮದುವೆಯಾದರು, ವಿಧವೆಯಾದರು.

ಹೀಗಾಗಿ ಪಿತೃಪಕ್ಷ ಬಂದಾಗಲೆಲ್ಲ ಒಂದು ತೊಡಕು. ತರ್ಪಣ ಬಿಡುವವನು ತಂದೆಯ ಕಡೆ ಮೂರು ತಲೆಮಾರಿನ ಹೆಸರು ಹೇಳಿದ ಹಾಗೆ ತಾಯಿಯ ತಂದೆ, ಅವನ ತಂದೆ, ಅವನ ತಂದೆ ಎಂದು ಮೂವರ ಹೆಸರನ್ನೂ ಹೇಳಬೇಕು. ಹೆಸರು ಗೊತ್ತಿಲ್ಲದವರಿಗೂ ಶಾಸ್ತ್ರದಲ್ಲಿ ದಾರಿಯಿದೆ. ಗೋತ್ರ ತಿಳಿಯದಿದ್ದರೆ ಕಾಶ್ಯಪ. ಹೆಸರು ತಿಳಿಯದಿದ್ದರೆ ನೆಲದಲ್ಲಿರುವವನು, ನಡುಬಾನಿನಲ್ಲಿರುವವನು, ಆಕಾಶದಲ್ಲಿರುವವನು ಎಂಬ ಅರ್ಥ ಬರುವ ಮೂರು ಪದಗಳಿವೆ. ಥಾಮಸನ ಹೆಸರು ಗೊತ್ತಿದ್ದರೂ ಭಾಗೀರಥಮ್ಮ ಹೇಳಗೊಡುತ್ತಿರಲಿಲ್ಲ. "ನನಗೆ ತನ್ನ ಹೆಸರು ಕೊಡದೋನ ಹೆಸರು ನಿನಗ್ಯಾಕೆ?" ಎನ್ನುತ್ತಿದ್ದರು. ಜಗದೀಶ ಮೂವತ್ತು ವರ್ಷ ನೆಲಕ್ಕೂ ನಡುಬಾನಿಗೂ ಆಕಾಶಕ್ಕೂ ಎಳ್ಳುನೀರು ಬಿಟ್ಟಿದ್ದ.

ಜೂನ್‌ನಲ್ಲಿ ಭಾಗೀರಥಮ್ಮ ಬಚ್ಚಲಲ್ಲಿ ಜಾರಿ ಬಿದ್ದರು. ಮೂಳೆ ಮುರಿಯಲಿಲ್ಲ. ಆದರೆ ಆಸ್ಪತ್ರೆಯಿಂದ ಬರುವಾಗ ಟ್ಯಾಕ್ಸಿಯಲ್ಲಿ, ಕಿಟಕಿಯ ಹೊರಗೆ ನೋಡುತ್ತಲೇ, "ಅವನು ನನ್ನನ್ನ ಬೇಡ ಅಂದನಾ ಅಂತ ಒಂದು ಸಲ ಗೊತ್ತಾಗಿಬಿಟ್ಟರೆ ಸಾಕು ಜಗ್ಗೂ. ಬೇಡ ಅಂದಿದ್ದರೆ ಬೇಡ. ಇಲ್ಲ ಅಂದರೆ ಹೆಸರು ಹಿಡಿದು ನೀರು ಬಿಡು," ಎಂದಿದ್ದರು.

ಜಗದೀಶನ ಬಳಿ ಇದ್ದದ್ದು ಎರಡು ವಸ್ತು. ಒಂದು ಫೋಟೊ: ಹನ್ನೆರಡು ಹದಿಮೂರರ ಹುಡುಗ, ಪಕ್ಕದಲ್ಲಿ ಅವನಿಗಿಂತ ಎತ್ತರದ ಹುಡುಗಿ, ಹಿಂದೆ 'ಸಾರಾ ಮತ್ತು ಟಾಮ್' ಎಂಬ ಬರಹ, ಕೆಳಗೆ ವಿಕ್ಲೋ ಎಂಬ ಊರಿನ ಸ್ಟುಡಿಯೋದ ಮುದ್ರೆ. ಇನ್ನೊಂದು, ಮಗುವಿಗೆಂದು ಥಾಮಸ್ ಬಿಟ್ಟುಹೋಗಿದ್ದ ಹಿತ್ತಾಳೆಯ ಪದಕ, ಅದರಲ್ಲಿ ಮೇರಿ ಮಾತೆ. ಪದಕ ನೋಡಿ ಥಾಮಸ್ ಕ್ಯಾಥೊಲಿಕ್ ಎಂದು ಜಗದೀಶ ತೀರ್ಮಾನಿಸಿದ. ಸಿಂಗಾಪುರದ ಹಳೆಯ ಸ್ಮಶಾನದ ದಾಖಲೆ ಕೇಳಿದಾಗಲೂ ಕ್ಯಾಥೊಲಿಕ್ ಭಾಗದ್ದನ್ನೇ ಕೇಳಿದ. ಐರ್ಲೆಂಡಿನ ಸಾವಿರದ ಒಂಬೈನೂರ ಒಂದರ ಜನಗಣತಿ ಕಂಪ್ಯೂಟರಿನಲ್ಲಿ ಸಿಗುತ್ತದೆ. ಅಲ್ಲಿಯೂ ಧರ್ಮದ ಕಡೆ ಕ್ಯಾಥೊಲಿಕ್ ಎಂಬುದಕ್ಕೇ ಗುರುತು ಹಾಕಿ ಹುಡುಕಿದ. ಅಲ್ಲಿ ಕ್ಯಾಥೊಲಿಕ್ಕರಿಗೂ ಪ್ರಾಟೆಸ್ಟೆಂಟರಿಗೂ ನೂರಾರು ವರ್ಷದ ಹಗೆ, ನೆಲಕ್ಕಾಗಿ, ಅಧಿಕಾರಕ್ಕಾಗಿ ರಕ್ತ ಹರಿದಿದೆ ಎಂದು ಅವನು ಓದಿಕೊಂಡಿದ್ದ. ಅಂಥ ಊರಿನಲ್ಲಿ ಮನೆಯವರೆಲ್ಲ ಒಂದೇ ಕಡೆ ಇರದೆ ಇನ್ನೇನು? ಒಂದು ಮನೆ ಎಂದರೆ ಒಂದು ಮನೆದೇವರು.

"ಸಿಕ್ಕನಾ?" ಭಾಗೀರಥಮ್ಮ ಕೇಳಿದರು.

"ಇಲ್ಲಮ್ಮ."

"ಸೇತುವೆ ಕಥೆ ಹಾಕಿ ನೋಡು ಅದರಲ್ಲಿ."

"ಕಂಪ್ಯೂಟರಿಗೆ ಕಥೆ ಹಾಕೋಕಾಗಲ್ಲಮ್ಮ."

"ಯಾವ ಸೇತುವೆ ಅಜ್ಜಿ?" ಸಂಹಿತಾ ಫೋನಿನಿಂದ ತಲೆ ಎತ್ತದೆ ಕೇಳಿದಳು.

"ನಮ್ಮಮ್ಮ ಹೇಳ್ತಿದ್ದಳು. ಅವನು ಚಿಕ್ಕೋನಿದ್ದಾಗ ಭಾನುವಾರ ಒಳ್ಳೇ ಬಟ್ಟೆ ಹಾಕ್ಕೊಂಡು ನಾಲ್ಕು ಜನ ಹೊರಡ್ತಿದ್ದರಂತೆ. ಸೇತುವೆ ತನಕ ಒಟ್ಟಿಗೆ. ಅಲ್ಲಿಂದ ಅಪ್ಪ ಮಗ ಆ ಕಡೆ, ಅಮ್ಮ ಮಗಳು ಈ ಕಡೆ. ವಾಪಸ್ ಬರುವಾಗ ಯಾರು ಮೊದಲು ಬರ್ತಾರೋ ಅವರು ಸೇತುವೆ ಮೇಲೆ ಕಾಯಬೇಕು. ಗಂಡ ಹೆಂಡತಿಗೆ ಮಾತಿರಲಿಲ್ಲವೇನೋ. ಆ ಮನೆ ಗುಣವೇ ಹಾಗೆ, ಬಿಟ್ಟು ಹೋಗೋದು."

"ಮಾತಿಲ್ಲ ಅಂದ್ರೆ ಯಾಕೆ ವೆಯ್ಟ್ ಮಾಡ್ತಾರೆ ಅಜ್ಜಿ? ನಾನಾಗಿದ್ರೆ ಗ್ರ್ಯಾಬ್ ಟ್ಯಾಕ್ಸಿ ಬುಕ್ ಮಾಡಿ ಮನೆಗೆ ಹೋಗ್ತಿದ್ದೆ, ಲಾ." ಸಿಂಗಾಪುರದವರ ಹಾಗೆ ಮಾತಿನ ತುದಿಗೆ ಅವಳೂ ಒಂದು 'ಲಾ' ಸೇರಿಸಿದಳು.

"ನಿನಗೆ ಗ್ರ್ಯಾಬ್, ಅವರಿಗೆ ಕಾಲು," ಎಂದು ಭಾಗೀರಥಮ್ಮ ಮತ್ತೊಂದು ಹುರುಳಿಕಾಯಿ ತೆಗೆದುಕೊಂಡರು.

ಜಗದೀಶ ಆ ಕಥೆಯನ್ನು ಹುಟ್ಟಿದಾಗಿನಿಂದ ಕೇಳಿದ್ದ. ಅದು ಜಗಳದ ಕಥೆ ಎಂದೇ ಕೇಳಿದ್ದ. ಈಗ ಮಗಳ ಪ್ರಶ್ನೆ ಅವನ ಕೈ ಹಿಡಿದು ನಿಲ್ಲಿಸಿತು. ಭಾನುವಾರ, ಒಳ್ಳೆಯ ಬಟ್ಟೆ. ಚರ್ಚಿಗಲ್ಲದೆ ಮತ್ತೆಲ್ಲಿಗೆ ಹೋಗುತ್ತಾರೆ?

ಸ್ಟೋರಿನಲ್ಲಿ ಅವನದೊಂದು ಕ್ರಮವಿತ್ತು. ಒಂದು ವಾಲ್ವ್ ಅದರ ಗೂಡಿನಲ್ಲಿ ಇಲ್ಲ ಎಂದರೆ ಹೊಸ ಹುಡುಗರು ಕೂಡಲೇ 'ಇಲ್ಲ' ಎಂದು ಬರೆದು ಆರ್ಡರ್ ಹಾಕಲು ಓಡುತ್ತಾರೆ. ಜಗದೀಶ ಓಡುವುದಿಲ್ಲ. ಎಡಗಡೆಯ ಗೂಡು, ಬಲಗಡೆಯದು, ಮೇಲಿನದು, ಕೆಳಗಿನದು, ನಾಲ್ಕಕ್ಕೂ ಕೈ ಹಾಕಿ ನೋಡುತ್ತಾನೆ. ಹೆಚ್ಚಿನ ಸಲ ಅಲ್ಲೇ ಇರುತ್ತದೆ. ಇಪ್ಪತ್ತನಾಲ್ಕು ವರ್ಷ ಹೀಗೆ ಕೆಲಸ ಮಾಡಿದವನು ಮನೆಯಲ್ಲಿ ಮೂರು ತಿಂಗಳು ಒಂದೇ ಗೂಡಿಗೆ ಕೈ ಹಾಕುತ್ತ ಕೂತಿದ್ದ.

ಧರ್ಮದ ಕಡೆ ಹಾಕಿದ್ದ ಗುರುತನ್ನು ತೆಗೆದ. ವಿಕ್ಲೋ ಎಂದ. ಮನೆಯಲ್ಲಿ ಸಾರಾ ಎಂಬ ಹುಡುಗಿಯೂ ಇರಬೇಕು ಎಂದುಕೊಂಡು ಒಂದೊಂದೇ ಮನೆಯನ್ನು ತೆರೆಯುತ್ತ ಹೋದ. ಹುರುಳಿಕಾಯಿ ಬೆಂದು, ಒಗ್ಗರಣೆಯ ವಾಸನೆ ಬರುವ ಹೊತ್ತಿಗೆ ಒಂದು ಹಾಳೆ ತೆರೆದುಕೊಂಡಿತು. ಮನೆಯ ಯಜಮಾನ ಅದನ್ನು ತಾನೇ ತುಂಬಿದ್ದ. ಅಕ್ಷರ ದಪ್ಪವಾಗಿ, ಬಲಕ್ಕೆ ವಾಲಿಕೊಂಡಿತ್ತು.

ವಿಲಿಯಂ ಬರ್ನ್, ಕಮ್ಮಾರ, ಚರ್ಚ್ ಆಫ್ ಐರ್ಲೆಂಡ್, ಅಂದರೆ ಪ್ರಾಟೆಸ್ಟೆಂಟ್. ಹೆಂಡತಿ ಬ್ರಿಜೆಟ್, ರೋಮನ್ ಕ್ಯಾಥೊಲಿಕ್. ಮಗಳು ಸಾರಾ, ಒಂಬತ್ತು ವರ್ಷ, ರೋಮನ್ ಕ್ಯಾಥೊಲಿಕ್. ಮಗ ಥಾಮಸ್, ಆರು ವರ್ಷ, ಚರ್ಚ್ ಆಫ್ ಐರ್ಲೆಂಡ್. ಕೊನೆಯ ಸಾಲಿನಲ್ಲಿ ಯಜಮಾನನ ತಂದೆ ಜಾನ್ ಬರ್ನ್, ಎಪ್ಪತ್ತೊಂದು, ಹೆಂಡತಿ ಇಲ್ಲ, ಕಣ್ಣು ಕಾಣುವುದಿಲ್ಲ. ಮುದುಕ ಮನೆಯಲ್ಲೇ ಉಳಿದರೆ ಭಾನುವಾರ ಹೊರಡುವವರು ನಾಲ್ಕೇ ಜನ.

ಜಗದೀಶ ಎದ್ದು ಹೋಗಿ ನೀರು ಕುಡಿದು ಬಂದು, ಅಮ್ಮನ ಪಕ್ಕ ಕೂತು, ಮೂರು ಹೆಸರನ್ನೂ ಓದಿದ. ಯಾರು ಯಾವ ಚರ್ಚು ಎಂಬುದನ್ನೂ ಓದಿದ.

ಭಾಗೀರಥಮ್ಮ ಕೇಳಿಸಿಕೊಂಡರು. "ಹೆಸರು ಸಿಕ್ತು, ಸರಿ. ನಾನು ಕೇಳಿದ್ದು ಹೆಸರಲ್ಲವಲ್ಲೋ," ಎಂದರು.

ಅವನಿಗೂ ಅದು ಗೊತ್ತಿತ್ತು. ಅಂದೇ ವಿಕ್ಲೋ ಕಡೆಯ ಇತಿಹಾಸ ಸಂಘವೊಂದಕ್ಕೆ ಇಮೇಲ್ ಬರೆದ. ಜನಗಣತಿಯ ಹಾಳೆಯನ್ನು ಕಳಿಸಿದ. ನಾಮಕರಣದ ದಿನದ ಮಾತನ್ನೂ, ಮಾವ ಅದಕ್ಕೆ ಮಾಡಿದ ಅರ್ಥವನ್ನೂ, ಪದಕದ ಸಂಗತಿಯನ್ನೂ ಏನನ್ನೂ ಮುಚ್ಚಿಡದೆ ಬರೆದ. ಬುಧವಾರ ಸಂಜೆ ಉತ್ತರ ಬಂತು. ಬರೆದವರು ಕೆಲಸದಿಂದ ನಿವೃತ್ತರಾದ ಒಬ್ಬ ಶಾಲಾ ಟೀಚರ್. ಜಗದೀಶ ಅದನ್ನು ನಿಧಾನವಾಗಿ ಕನ್ನಡಕ್ಕೆ ತಿರುಗಿಸುತ್ತ ಓದಿದ.

ಎರಡು ಚರ್ಚಿನವರ ನಡುವೆ ಆದ ಮದುವೆಗಳಲ್ಲಿ ಆ ಕಾಲಕ್ಕೆ ಒಂದು ಒಪ್ಪಂದವಿರುತ್ತಿತ್ತಂತೆ. ಗಂಡುಮಕ್ಕಳು ತಂದೆಯ ಕಡೆ, ಹೆಣ್ಣುಮಕ್ಕಳು ತಾಯಿಯ ಕಡೆ. ಮುಂದೆ ರೋಮಿನವರು ಕಟ್ಟಳೆ ಬಿಗಿ ಮಾಡಿದರು, ಮಕ್ಕಳೆಲ್ಲ ಕ್ಯಾಥೊಲಿಕ್ಕರೇ ಆಗಬೇಕೆಂದರು. ಆಮೇಲೆ ಎಷ್ಟೋ ಮನೆಗಳು ಒಡೆದವು. ನಿಮ್ಮ ಅಜ್ಜ ಹುಟ್ಟಿದ್ದು ಅದಕ್ಕೂ ಮೊದಲು. ಪದಕ ಬಹುಶಃ ಬ್ರಿಜೆಟ್‌ಳದು. ಅಂಥದ್ದನ್ನು ಹೆಣ್ಣುಮಕ್ಕಳಿಗೆ ಕೊಡುತ್ತಿದ್ದರು. ಮಗಳು ನಿಮ್ಮ ಕಡೆಗೆ ಎಂದಾಗ ಅವನ ಮನಸ್ಸಿನಲ್ಲಿ ಏನಿತ್ತೆಂದು ನಾನು ಹೇಳಲಾರೆ. ಆದರೆ ಆ ಮಾತನ್ನು ಅವನು ಕಲಿತದ್ದು ತನ್ನ ಮನೆಯಲ್ಲೇ ಇರಬೇಕು.

ಭಾಗೀರಥಮ್ಮ ಸೆರಗಿನಿಂದ ಕನ್ನಡಕ ಒರೆಸಿದರು. ಒರೆಸುತ್ತಲೇ ಇದ್ದರು.

"ಆ ಕೊನೇದು ಇನ್ನೊಂದ್ಸಲ ಓದು."

ಓದಿದ.

"ಅವನಕ್ಕನ ಹಾಗೆ ನಾನೂ," ಎಂದರು ಅವರು. ಕನ್ನಡಕ ಹಾಕಿಕೊಂಡು, "ಮಾವನಿಗೆ ಇದು ಗೊತ್ತಾಗಬೇಕಿತ್ತು. ಸತ್ತೇ ನಲವತ್ತು ವರ್ಷ ಆಯ್ತಲ್ಲ ಮಹಾರಾಯ," ಎಂದರು. ಎದ್ದು ಒಳಗೆ ಹೋಗಿ, ಡಬ್ಬಿಯಿಂದ ಪದಕ ತೆಗೆದು ತಂದು, ಸಂಹಿತಾಳ ಕೈಗೆ ಹಾಕಿದರು. "ಇದು ಹೆಣ್ಣುಮಕ್ಕಳದು. ಕಳೀಬೇಡ." ಜಗದೀಶನ ಕಡೆ ತಿರುಗಿ, "ಅಮಾವಾಸ್ಯೆಗೆ ಹೆಸರು ಹೇಳು."

ಭಾನುವಾರ ಬೆಳಿಗ್ಗೆ ಶಾಸ್ತ್ರಿಗಳು ಮನೆಗೆ ಬಂದರು. ಪ್ರತಿವರ್ಷ ಬರುವವರೇ. ಅಭ್ಯಾಸದಿಂದ ನೆಲದಲ್ಲಿರುವವನನ್ನು ಕರೆಯಲು ಬಾಯಿ ತೆರೆದಾಗ ಜಗದೀಶ ತಡೆದು ಚೀಟಿ ಕೊಟ್ಟ. ಶಾಸ್ತ್ರಿಗಳು ಅದನ್ನು ಹಿಂದೆ ಮುಂದೆ ಮಾಡಿ ನೋಡಿದರು.

"ಗೋತ್ರ?"

"ಅದು ಮಾತ್ರ ಸಿಗಲಿಲ್ಲ."

"ಕಾಶ್ಯಪ ಅನ್ನೋಣ. ಅವನ ಮಡಿಲಲ್ಲಿ ಎಲ್ಲರಿಗೂ ಜಾಗ ಇದೆ." ಗಂಟಲು ಸರಿಮಾಡಿಕೊಂಡು ಶಾಸ್ತ್ರಿಗಳು ಶುರು ಮಾಡಿದರು. "ಕಾಶ್ಯಪಗೋತ್ರಂ, ಥಾಮಸ್ ಶರ್ಮಾಣಂ..."

ಸಂಹಿತಾ ನಕ್ಕುಬಿಟ್ಟಳು. ಅನುಸೂಯಾ ಅವಳನ್ನು ಗದರಿಸಲು ತಿರುಗಿ, ತಾನೂ ತುಟಿ ಕಚ್ಚಿಕೊಂಡಳು. ಎಲ್ಲರಿಗಿಂತ ಜೋರಾಗಿ ನಕ್ಕವರು ಭಾಗೀರಥಮ್ಮ, ಕುರ್ಚಿಯಲ್ಲಿ ಕೂತು, ಬಾಯಿಗೆ ಸೆರಗು ಒತ್ತಿಕೊಂಡು. ನಗು ನಿಂತ ಮೇಲೂ ಸೆರಗು ಅಲ್ಲೇ ಇತ್ತು. ಥಾಮಸ್ ಆಯಿತು, ವಿಲಿಯಂ ಆಯಿತು, ಕಣ್ಣು ಕಾಣದ ಜಾನ್ ಆಯಿತು. ಜಗದೀಶನ ಹೆಬ್ಬೆರಳಿನ ಬುಡದಿಂದ ಎಳ್ಳುನೀರು ಮೂರು ಮೂರು ಸಲ ತಟ್ಟೆಗೆ ಇಳಿಯಿತು.

ಆ ನೀರನ್ನು ಪ್ರತಿವರ್ಷ ಬ್ಲಾಕಿನ ಹಿಂದಿನ ಮರದ ಬುಡಕ್ಕೆ ಹಾಕುತ್ತಿದ್ದರು. ಈ ಸಲ ಭಾಗೀರಥಮ್ಮ, "ಸಮುದ್ರಕ್ಕೆ ಬಿಡೋಣ. ಅವನು ಕೆಲಸ ಮಾಡಿದ್ದು ಆ ಕಡೆ ಅಲ್ಲವಾ? ನಾನೂ ಬರ್ತೀನಿ," ಎಂದರು. ಜಗದೀಶ ಚೊಂಬು ಹಿಡಿದ. ಸಂಹಿತಾ ಅಜ್ಜಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಲಿಫ್ಟಿನಿಂದ ಕೆಳಗಿಳಿಸಿದಳು.

ಬ್ಲಾಕಿನ ಬುಡದ ತೆರೆದ ಜಗಲಿ, ವಾಯ್ಡ್ ಡೆಕ್, ದಾಟಿದರೆ ಬಸ್ ಸ್ಟಾಪಿಗೆ ಐದಾರು ಮೆಟ್ಟಿಲು. ಕುರ್ಚಿ ಮೆಟ್ಟಿಲಿಳಿಯುವುದಿಲ್ಲ, ಅದಕ್ಕೆ ಇನ್ನೊಂದು ಪಕ್ಕ, ಬ್ಲಾಕನ್ನು ಸುತ್ತಿ ಇಳಿಜಾರಿನ ದಾರಿ. ಸಂಹಿತಾ ಕುರ್ಚಿಯನ್ನು ಆ ಕಡೆ ತಿರುಗಿಸಿದಳು. ಜಗದೀಶನೂ ಅವರ ಹಿಂದೆಯೇ ಹೊರಟ.

"ನೀನ್ಯಾಕೋ ಸುತ್ತು ಹಾಕ್ತೀಯ? ನೀರು ಚೆಲ್ಲುತ್ತೆ," ಎಂದರು ಭಾಗೀರಥಮ್ಮ. "ನೀನು ಆ ಕಡೆಯಿಂದ ಹೋಗು. ನಾವಿಬ್ಬರು ಈ ಕಡೆಯಿಂದ ಬರ್ತೀವಿ."

ಅವನು ಒಂದು ಕ್ಷಣ ಅಲ್ಲೇ ನಿಂತ. ಚೊಂಬಿನ ನೀರು ತುಳುಕಿ ಸಮವಾಯಿತು.

"ಬಸ್ಸು ಬಂದರೂ ನಾನು ಹತ್ತಲ್ಲಮ್ಮ," ಎನ್ನುತ್ತ ಅವನು ಮೆಟ್ಟಿಲ ಕಡೆ ನಡೆದ, ಹಿಂತಿರುಗಿ ನೋಡದೆ, ಚೊಂಬಿನ ಮೇಲೇ ಕಣ್ಣಿಟ್ಟುಕೊಂಡು. "ನೀವು ಬರೋ ತನಕ ಅಲ್ಲೇ ಕೆಳಗೆ, ಆ ಕಟ್ಟೆ ಹತ್ರಾನೇ ನಿಂತು ಕಾಯ್ತೀನಿ."